ಮನೆಯ ಸೆಪ್ಟಿಕ್ ಟ್ಯಾಂಕ್: ಹೊಸ ಮಾಲೀಕರು ಅನುಸರಿಸಬೇಕಾದ ಕ್ರಮಗಳು

ಹಳ್ಳಿಯಲ್ಲಿ ಹಳೆಯ ಮನೆಯನ್ನು ಕ್ರಯಕ್ಕೆ ಪಡೆದವರು, ಅಣ್ಣತಮ್ಮಂದಿರು ಭಾಗವಾದಾಗ ಮನೆ ಪಾಲಿಗೆ ಬಂದವರು ಗೋಡೆ, ಮಾಡು, ಬಾವಿ, ವಿದ್ಯುತ್ ಸಂಪರ್ಕ ಇವುಗಳನ್ನು ತಪ್ಪದೆ ಪರೀಕ್ಷಿಸುತ್ತಾರೆ. ನೆಲದಡಿಯಲ್ಲಿರುವ ಸೆಪ್ಟಿಕ್ ಟ್ಯಾಂಕಿನ ಬಗ್ಗೆ ಮಾತ್ರ ವಿಚಾರಿಸುವವರು ವಿರಳ. ಅದು ಎಲ್ಲಿದೆ, ಎಷ್ಟು ದೊಡ್ಡದು, ಕೊನೆಯ ಬಾರಿ ಖಾಲಿ ಮಾಡಿಸಿದ್ದು ಯಾವಾಗ ಎಂಬ ಪ್ರಶ್ನೆಗಳು ಏಳುವುದು ಕಕ್ಕಸಿನಲ್ಲಿ ನೀರು ಕಟ್ಟಿ ನಿಂತ ದಿನವೇ. ಆ ಗಾಬರಿಯಲ್ಲಿ ಯಾರನ್ನಾದರೂ ಟ್ಯಾಂಕಿನೊಳಗೆ ಇಳಿಸುವ ಯೋಚನೆ ಬರುತ್ತದೆ. ಪ್ರಾಣಹಾನಿಗೆ ಕಾರಣವಾಗುವುದು ಇದೇ ಅವಸರ. ಟ್ಯಾಂಕಿನ ರೀತಿಯನ್ನು ಅರಿತು, ಕಾಲಕ್ಕೆ ಸರಿಯಾಗಿ ಹೊರಗಿನಿಂದಲೇ ಖಾಲಿ ಮಾಡಿಸುತ್ತಿದ್ದರೆ ಇಂತಹ ಪರಿಸ್ಥಿತಿ ಬರುವುದೇ ಇಲ್ಲ.

ಟ್ಯಾಂಕ್ ಮಾಡುವ ಕೆಲಸ

ಸೆಪ್ಟಿಕ್ ಟ್ಯಾಂಕ್ ಕೊಳಕು ನೀರನ್ನು ಶುದ್ಧ ಮಾಡುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಇದು ಪೂರ್ಣವಾಗಿ ಸರಿಯಲ್ಲ. ಟ್ಯಾಂಕಿನ ಮುಖ್ಯ ಕೆಲಸ ಬೇರ್ಪಡಿಸುವುದು. ಭಾರವಾದ ಮಲಪದಾರ್ಥ ತಳಕ್ಕೆ ಇಳಿದು ಗಸಿಯಾಗುತ್ತದೆ. ಜಿಡ್ಡು ಮತ್ತು ಹಗುರವಾದ ಪದಾರ್ಥ ಮೇಲೆ ತೇಲಿ ಕೆನೆಯಂತೆ ಪದರ ಕಟ್ಟುತ್ತದೆ. ನಡುವಿನ ನೀರು ಮಾತ್ರ ಹೊರಕೊಳವೆಯ ಮೂಲಕ ಇಂಗುಗುಂಡಿಗೆ ಹೋಗುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಾಣುಜೀವಿಗಳು ತಳದ ಗಸಿಯನ್ನು ನಿಧಾನವಾಗಿ ಕೊಳೆಸಿ ಅದರ ಗಾತ್ರವನ್ನು ತಗ್ಗಿಸುತ್ತವೆಯಾದರೂ ಪೂರ್ತಿ ಇಲ್ಲದಂತೆ ಮಾಡಲಾರವು. ಹೊರಬರುವ ನೀರಿನಲ್ಲಿ ರೋಗಾಣುಗಳು ಇದ್ದೇ ಇರುತ್ತವೆ. ಅವುಗಳನ್ನು ತಡೆಹಿಡಿಯುವುದು ಇಂಗುಗುಂಡಿಯ ಸುತ್ತಲಿನ ಮಣ್ಣು.

ಟ್ಯಾಂಕಿನಲ್ಲಿ ಗಸಿ ಹೆಚ್ಚಿದಂತೆ ನೀರಿಗೆ ಇರುವ ಜಾಗ ಕಡಿಮೆಯಾಗುತ್ತದೆ. ನೀರು ತಂಗುವ ಕಾಲ ತಗ್ಗಿ, ತಿಳಿಯಾಗುವ ಮೊದಲೇ ಗಸಿಯೊಡನೆ ಹೊರಗೆ ಹರಿಯುತ್ತದೆ. ಈ ಗಸಿ ಮಣ್ಣಿನ ರಂಧ್ರಗಳನ್ನು ಮುಚ್ಚಿದರೆ ಇಂಗುಗುಂಡಿ ಕೆಡುತ್ತದೆ. ಟ್ಯಾಂಕನ್ನು ಖಾಲಿ ಮಾಡಿಸುವುದು ಸುಲಭ, ಕೆಟ್ಟ ಇಂಗುಗುಂಡಿಯನ್ನು ಸರಿಪಡಿಸುವುದು ಕಷ್ಟ. ಅನೇಕ ವೇಳೆ ಹೊಸ ಗುಂಡಿಯನ್ನೇ ತೋಡಬೇಕಾಗುತ್ತದೆ.

ಮೊದಲ ತಿಂಗಳಲ್ಲಿ ಮಾಡಬೇಕಾದುದು

ಹಿಂದಿನ ಮಾಲೀಕರನ್ನು, ಸಾಧ್ಯವಾದರೆ ಕಟ್ಟಿದ ಗಾರೆಯವರನ್ನು ಕೇಳಿ ಟ್ಯಾಂಕ್, ಅದರ ಮುಚ್ಚಳ ಮತ್ತು ಇಂಗುಗುಂಡಿ ಇರುವ ಸ್ಥಳಗಳನ್ನು ಗುರುತಿಸಬೇಕು. ಕೇಳಲು ಯಾರೂ ಇಲ್ಲದಿದ್ದರೆ ಕಕ್ಕಸಿನ ಕೊಳವೆ ಹೊರಡುವ ದಿಕ್ಕನ್ನೂ, ಮೇಲೆದ್ದ ಗಾಳಿಕೊಳವೆಯನ್ನೂ ನೋಡಿ ಪತ್ತೆ ಮಾಡಬಹುದು. ಮನೆಯ ಎರಡು ಮೂಲೆಗಳಿಂದ ಮುಚ್ಚಳಕ್ಕೆ ಇರುವ ದೂರವನ್ನು ಅಳೆದು, ಒಂದು ಹಾಳೆಯಲ್ಲಿ ನಕ್ಷೆ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡುವುದು ಒಳ್ಳೆಯದು.

ನಂತರ ಈ ಅಂಶಗಳನ್ನು ನೋಡಬೇಕು.

1. ಇದು ನಿಜವಾಗಿ ಸೆಪ್ಟಿಕ್ ಟ್ಯಾಂಕೇ ಎಂಬುದು. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆಯಲ್ಲಿ ಅನೇಕ ಮನೆಗಳಿಗೆ ಎರಡು ಗುಂಡಿಗಳ ಶೌಚಾಲಯ ಕಟ್ಟಲಾಗಿದೆ. ಅದರ ನಿರ್ವಹಣೆಯ ಕ್ರಮವೇ ಬೇರೆ. ಒಂದು ಗುಂಡಿ ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಬೇಕು. ಎರಡನ್ನೂ ಒಟ್ಟಿಗೆ ಬಳಸಬಾರದು.

2. ಹೊರಕೊಳವೆ ಎಲ್ಲಿಗೆ ಹೋಗಿದೆ ಎಂಬುದು. ಇಂಗುಗುಂಡಿಯೇ ಇಲ್ಲದೆ ಬೀದಿಯ ಚರಂಡಿಗೋ ಹಳ್ಳಕ್ಕೋ ಬಿಟ್ಟಿದ್ದರೆ ರೋಗಾಣುಗಳಿರುವ ನೀರನ್ನು ಊರಿನ ನಡುವೆ ಹರಿಸಿದಂತಾಗುತ್ತದೆ. ಇದನ್ನು ಮೊದಲು ಸರಿಪಡಿಸಬೇಕು.

3. ಬಾವಿಯಿಂದ ಇಂಗುಗುಂಡಿಗೆ ಇರುವ ದೂರ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರವಿರಬೇಕು. ಕರಾವಳಿಯಲ್ಲಿ ಮಳೆಗಾಲದಲ್ಲಿ ಅಂತರ್ಜಲ ಮೇಲೇರುವುದರಿಂದ ಈ ಅಂತರ ಇನ್ನೂ ಮುಖ್ಯ. ಗಟ್ಟಿಶಿಲೆಯ ಬಯಲುಸೀಮೆಯಲ್ಲಿಯೂ ಕಲ್ಲಿನ ಬಿರುಕುಗಳ ಮೂಲಕ ಕೊಳಕು ನೀರು ಬಹುದೂರ ಸಾಗಬಲ್ಲದು. ಅಂತರ ಸಾಲದಿದ್ದಲ್ಲಿ ಬಾವಿಯ ನೀರನ್ನು ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ಕುದಿಸಿಯೇ ಕುಡಿಯಬೇಕು.

4. ಗಾಳಿಕೊಳವೆಯ ತುದಿಯಲ್ಲಿ ಸೊಳ್ಳೆಬಲೆ ಇದೆಯೇ, ಮುಚ್ಚಳದ ಸಂದುಗಳು ಗಾರೆಯಿಂದ ಮುಚ್ಚಿವೆಯೇ ಎಂಬುದು. ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಸೆಪ್ಟಿಕ್ ಟ್ಯಾಂಕ್ ಮೆಚ್ಚಿನ ತಾಣ. ಮುಚ್ಚಳದ ಚಪ್ಪಡಿ ಬಿರುಕು ಬಿಟ್ಟಿದ್ದರೆ ತಕ್ಷಣ ಬದಲಾಯಿಸಬೇಕು. ಮಕ್ಕಳೂ ದನಕರುಗಳೂ ಓಡಾಡುವ ಅಂಗಳದಲ್ಲಿ ಇದು ಸಣ್ಣ ವಿಷಯವಲ್ಲ.

ನೀರಿನ ಲೆಕ್ಕ

ಐದು ಜನರ ಕುಟುಂಬಕ್ಕೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ ಮತ್ತು 1 ಮೀಟರ್ ನೀರಿನ ಆಳವುಳ್ಳ ಟ್ಯಾಂಕ್ ಮಾನಕದಲ್ಲಿ ಸೂಚಿತವಾಗಿದೆ. ಇದರಲ್ಲಿ 1125 ಲೀಟರ್ ಹಿಡಿಯುತ್ತದೆ. ಮೂರನೇ ಒಂದು ಭಾಗ ಗಸಿ ಮತ್ತು ಕೆನೆಯಿಂದ ತುಂಬಿದಾಗ ನೀರಿಗೆ ಉಳಿಯುವುದು 750 ಲೀಟರ್ ಜಾಗ. ತಲೆಗೆ ದಿನಕ್ಕೆ 30 ಲೀಟರಿನಂತೆ ಕಕ್ಕಸಿನ ನೀರು ಮಾತ್ರ ಬಂದರೆ ಒಟ್ಟು 150 ಲೀಟರ್. ಅದು ಟ್ಯಾಂಕಿನಲ್ಲಿ ಐದು ದಿನ ತಂಗಿ ಚೆನ್ನಾಗಿ ತಿಳಿಯಾಗುತ್ತದೆ. ಸ್ನಾನ ಮತ್ತು ಬಟ್ಟೆ ಒಗೆತದ ನೀರನ್ನೂ ಸೇರಿಸಿ ತಲೆಗೆ 80 ಲೀಟರಿನಂತೆ 400 ಲೀಟರ್ ಬಂದರೆ ಎರಡು ದಿನವೂ ತಂಗುವುದಿಲ್ಲ. ಮದುವೆಯ ದಿನ 50 ಮಂದಿ ಕಕ್ಕಸನ್ನು ಬಳಸಿದರೆ 1500 ಲೀಟರ್ ಒಮ್ಮೆಲೇ ಬಂದು, ತಳದ ಗಸಿಯನ್ನು ಕದಡಿ ಇಂಗುಗುಂಡಿಗೆ ತಳ್ಳುತ್ತದೆ.

ಆದುದರಿಂದ ಸಣ್ಣ ಟ್ಯಾಂಕ್ ಇರುವವರು ಬಚ್ಚಲ ನೀರನ್ನು ಬೇರೆ ಕಾಲುವೆಯಲ್ಲಿ ತೆಂಗು, ಬಾಳೆಯ ಬುಡಕ್ಕೆ ತಿರುಗಿಸುವುದು ಲೇಸು. ಹಿಂದಿನವರ ಈ ಪದ್ಧತಿ ಟ್ಯಾಂಕಿಗೂ ಗಿಡಕ್ಕೂ ಒಳ್ಳೆಯದು. ಮನೆಯಲ್ಲಿ ದೊಡ್ಡ ಸಮಾರಂಭವಿದ್ದಲ್ಲಿ ಮುಂಚಿತವಾಗಿಯೇ ಟ್ಯಾಂಕನ್ನು ಖಾಲಿ ಮಾಡಿಸಿರಬೇಕು.

ಟ್ಯಾಂಕಿಗೆ ಹಾಕಬಾರದ ವಸ್ತುಗಳು

ಬಟ್ಟೆ ಚೂರು, ಪ್ಲಾಸ್ಟಿಕ್, ಮುಟ್ಟಿನ ಪ್ಯಾಡು, ಬೂದಿ, ಮರಳು ಇವು ಕೊಳೆಯುವುದಿಲ್ಲ ಅಥವಾ ಬಹು ನಿಧಾನವಾಗಿ ಕೊಳೆಯುತ್ತವೆ. ಅಡಿಗೆಯ ಎಣ್ಣೆ ಕೆನೆಯನ್ನು ದಪ್ಪ ಮಾಡುತ್ತದೆ. ಆಸಿಡ್, ಫಿನಾಯಿಲ್, ಬ್ಲೀಚಿಂಗ್ ಪುಡಿಗಳನ್ನು ಹೆಚ್ಚಾಗಿ ಸುರಿದರೆ ಗಸಿಯನ್ನು ಕೊಳೆಸುವ ಸೂಕ್ಷ್ಮಾಣುಗಳು ಸಾಯುತ್ತವೆ. ಕೀಟನಾಶಕ ಸಿಂಪಡಿಸಿದ ಪಂಪನ್ನು ತೊಳೆದ ನೀರನ್ನಂತೂ ಕಕ್ಕಸಿಗೆ ಎಂದೂ ಸುರಿಯಬಾರದು.

ಟ್ಯಾಂಕಿಗೆ ಸಗಣಿ, ಯೀಸ್ಟ್ ಅಥವಾ ಅಂಗಡಿಯ ಪುಡಿಗಳನ್ನು ಹಾಕಿದರೆ ಖಾಲಿ ಮಾಡಿಸುವ ಅಗತ್ಯವಿಲ್ಲ ಎನ್ನುವವರಿದ್ದಾರೆ. ಹೊಸದಾಗಿ ಕಟ್ಟಿದ ಟ್ಯಾಂಕಿಗೆ ನೀರು ತುಂಬಿ, ಹಳೆಯ ಟ್ಯಾಂಕಿನ ಗಸಿಯನ್ನಾಗಲಿ ಕಳಿತ ಸಗಣಿಯನ್ನಾಗಲಿ ಸ್ವಲ್ಪ ಹಾಕಿ ಆರಂಭಿಸುವುದು ಸರಿ. ಬಳಕೆಯಲ್ಲಿರುವ ಟ್ಯಾಂಕಿಗೆ ಬೇಕಾದ ಸೂಕ್ಷ್ಮಾಣುಗಳು ಮಲದಲ್ಲಿಯೇ ಬರುತ್ತವೆ. ಕಾಲಕ್ಕೆ ಖಾಲಿ ಮಾಡಿಸುವುದಕ್ಕೆ ಬದಲಿ ಪುಡಿ ಯಾವುದೂ ಇಲ್ಲ.

ಖಾಲಿ ಮಾಡಿಸುವ ಕಾಲ ಮತ್ತು ಕ್ರಮ

ಸಾಮಾನ್ಯವಾಗಿ ಎರಡು ಮೂರು ವರ್ಷಗಳಿಗೊಮ್ಮೆ ಖಾಲಿ ಮಾಡಿಸಬೇಕು. ಖಚಿತವಾಗಿ ತಿಳಿಯಲು ವರ್ಷಕ್ಕೊಮ್ಮೆ ಗಸಿಯನ್ನು ಅಳೆಯಬಹುದು. ಉದ್ದನೆಯ ಬಿದಿರಿನ ಕೋಲಿನ ಕೆಳಭಾಗಕ್ಕೆ ಬಿಳಿಯ ಹಳೆ ಬಟ್ಟೆಯನ್ನು ಸುತ್ತಿ ಕಟ್ಟಬೇಕು. ಮುಚ್ಚಳ ಸರಿಸಿ, ಸ್ವಲ್ಪ ಹೊತ್ತು ದೂರ ನಿಂತು, ಗಾಳಿ ಬರುವ ಕಡೆಯಿಂದ ಕೋಲನ್ನು ತಳಮುಟ್ಟ ಇಳಿಸಿ ಕೆಲವು ನಿಮಿಷ ಹಿಡಿದು ಎತ್ತಬೇಕು. ಬಟ್ಟೆ ಎಷ್ಟು ಎತ್ತರಕ್ಕೆ ಕಪ್ಪಾಗಿದೆಯೋ ಅಷ್ಟು ಗಸಿಯಿದೆ ಎಂದು ತಿಳಿಯಬೇಕು. ಗಸಿ ಮತ್ತು ಕೆನೆ ಸೇರಿ ನೀರಿನ ಆಳದ ಮೂರನೇ ಒಂದು ಭಾಗವನ್ನು ಮೀರಿದ್ದರೆ ಖಾಲಿ ಮಾಡಿಸುವ ಕಾಲ ಬಂದಿದೆ. ಈ ಕೆಲಸವನ್ನು ಒಬ್ಬರೇ ಮಾಡಬಾರದು, ಬಾಗಿ ಒಳಗೆ ಇಣುಕಬಾರದು. ಬೀಡಿ, ಬೆಂಕಿಕಡ್ಡಿ, ದೀಪ ಹತ್ತಿರ ಸುಳಿಯಬಾರದು. ಮುಗಿದ ಕೂಡಲೇ ಮುಚ್ಚಳವನ್ನು ಭದ್ರಪಡಿಸಬೇಕು.

ಖಾಲಿ ಮಾಡಿಸಲು ಬೇಸಿಗೆ ಸೂಕ್ತ ಕಾಲ. ಮಳೆಗಾಲದಲ್ಲಿ ನೆಲ ನೆನೆದಾಗ ಟ್ಯಾಂಕನ್ನು ಬರಿದು ಮಾಡಿದರೆ, ವಿಶೇಷವಾಗಿ ಪ್ಲಾಸ್ಟಿಕ್ ಟ್ಯಾಂಕ್ ಆದಲ್ಲಿ, ಅಂತರ್ಜಲದ ಒತ್ತಡಕ್ಕೆ ಅದು ಮೇಲೇಳುವ ಸಂಭವವಿದೆ. ಹೀರುವ ಯಂತ್ರವುಳ್ಳ ಟ್ಯಾಂಕರ್ ಸಮೀಪಕ್ಕೆ ಬರಲು ದಾರಿ ಉಳಿಸಿಕೊಳ್ಳಬೇಕು. ಮುಚ್ಚಳದ ಮೇಲೆ ಕೊಟ್ಟಿಗೆ ಕಟ್ಟುವುದಾಗಲಿ ಬಣವೆ ಒಟ್ಟುವುದಾಗಲಿ ಸಲ್ಲದು. ತಳದಲ್ಲಿ ಒಂದು ಅಂಗುಲದಷ್ಟು ಗಸಿಯನ್ನು ಹೆಪ್ಪಿನಂತೆ ಉಳಿಸಿ, ಕೂಡಲೇ ಹೊರಕೊಳವೆಯ ಮಟ್ಟದವರೆಗೆ ನೀರು ತುಂಬಿಸಬೇಕು. ದಿನಾಂಕವನ್ನು ನಕ್ಷೆಯ ಹಾಳೆಯಲ್ಲಿ ಬರೆದಿಡಬೇಕು.

ಒಳಗೆ ಯಾರನ್ನೂ ಇಳಿಸಬಾರದು

ಗಸಿ ಕೊಳೆಯುವಾಗ ಮೀಥೇನ್, ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲಗಳು ಹುಟ್ಟುತ್ತವೆ, ಆಮ್ಲಜನಕ ಕಡಿಮೆಯಾಗುತ್ತದೆ. ಹೈಡ್ರೋಜನ್ ಸಲ್ಫೈಡ್ ಅಲ್ಪ ಪ್ರಮಾಣದಲ್ಲಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗಿನ ಗ್ರಹಣಶಕ್ತಿಯೇ ಉಡುಗಿ ವಾಸನೆ ತಿಳಿಯುವುದಿಲ್ಲ. ವಾಸನೆ ಇಲ್ಲವೆಂದು ಇಳಿದವರು ಕೆಲವೇ ಉಸಿರಿನಲ್ಲಿ ಕುಸಿಯಬಹುದು. ಅವರನ್ನು ಎತ್ತಲು ಇಳಿದವರಿಗೂ ಅದೇ ಗತಿ. ಗಸಿಯನ್ನು ಕೋಲಿನಿಂದ ಕದಡಿದಾಗ ಅದರಲ್ಲಿ ಸೇರಿಕೊಂಡ ಅನಿಲ ಒಮ್ಮೆಲೇ ಹೊರಬರುವುದರಿಂದ, ಗಾಳಿಯಾಡಲು ಬಿಟ್ಟ ಟ್ಯಾಂಕೂ ಸುರಕ್ಷಿತವಲ್ಲ.

ಈ ಕೆಲಸಕ್ಕೆ ಕರೆಸಿಕೊಳ್ಳುವುದು ಬಹುಮಟ್ಟಿಗೆ ತಲೆತಲಾಂತರದಿಂದ ಇದಕ್ಕೆ ದೂಡಲ್ಪಟ್ಟ ಸಮುದಾಯಗಳ ಬಡವರನ್ನೇ. ಮಲ ಹೊರುವ ವೃತ್ತಿಯನ್ನು ನಿಷೇಧಿಸುವ 2013ರ ಕಾಯ್ದೆಯಂತೆ, ರಕ್ಷಣಾ ಸಲಕರಣೆಗಳಿಲ್ಲದೆ ಸೆಪ್ಟಿಕ್ ಟ್ಯಾಂಕನ್ನು ಕೈಯಿಂದ ಶುಚಿಗೊಳಿಸಲು ಯಾರನ್ನೂ ನೇಮಿಸುವಂತಿಲ್ಲ. ಮನೆಯ ಮಾಲೀಕರಿಗೂ ಇದು ಅನ್ವಯಿಸುತ್ತದೆ. ಮೊದಲ ತಪ್ಪಿಗೇ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಶಿಕ್ಷೆಯ ಭಯ ಒತ್ತಟ್ಟಿಗಿರಲಿ, ಟ್ಯಾಂಕರಿನ ಬಾಡಿಗೆ ಉಳಿಸಲು ಒಂದು ಜೀವವನ್ನು ಪಣಕ್ಕಿಡುವುದು ಯಾವ ಮನೆಗೂ ಶೋಭೆಯಲ್ಲ. ಆಕಸ್ಮಿಕವಾಗಿ ಯಾರಾದರೂ ಬಿದ್ದಲ್ಲಿ ಹಗ್ಗವನ್ನು ಹೊರಗಿನಿಂದಲೇ ಇಳಿಬಿಟ್ಟು, ತಕ್ಷಣ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದ ನೆರವು ಪಡೆಯಬೇಕು.

ಗಸಿಯನ್ನು ಹೊಲಕ್ಕೆ ಹಾಕಬಹುದೇ?

ಗಸಿಯಲ್ಲಿ ಸಾರಜನಕ ಮತ್ತು ರಂಜಕ ಇರುವುದು ನಿಜ. ಬೆಂಗಳೂರಿನ ಸುತ್ತಮುತ್ತ ಟ್ಯಾಂಕರಿನ ಗಸಿಯನ್ನು ತೋಟಗಳಿಗೆ ಹಾಕಿಸಿಕೊಂಡ ರೈತರಿದ್ದಾರೆ. ಆದರೆ ಹಸಿ ಗಸಿಯಲ್ಲಿ ರೋಗಾಣುಗಳ ಜೊತೆ ಜಂತುಹುಳುವಿನ ಮೊಟ್ಟೆಗಳಿರುತ್ತವೆ. ಇವು ಮಣ್ಣಿನಲ್ಲಿ ತಿಂಗಳುಗಟ್ಟಲೆ, ತೇವ ನೆರಳು ಇದ್ದರೆ ಇನ್ನೂ ಹೆಚ್ಚು ಕಾಲ ಜೀವಂತವಾಗಿರುತ್ತವೆ. ಸೊಪ್ಪು, ತರಕಾರಿ, ಗೆಡ್ಡೆ ಮತ್ತು ನೆಲಗಡಲೆ ಬೆಳೆಯುವ ಭೂಮಿಗೆ ಹಸಿ ಗಸಿಯನ್ನು ಹಾಕಲೇಬಾರದು. ಬರಿಗಾಲಲ್ಲಿ ದುಡಿಯುವ ಕೂಲಿಯವರಿಗೂ ಅಪಾಯವಿದೆ. ಗಸಿಯನ್ನು ಸಂಸ್ಕರಣಾ ಘಟಕಕ್ಕೆ ಒಯ್ಯುವಂತೆ ಟ್ಯಾಂಕರಿನವರಿಗೆ ಮೊದಲೇ ತಿಳಿಸಬೇಕು. ದೇವನಹಳ್ಳಿಯಲ್ಲಿ 2015ರಲ್ಲಿ ಇಂತಹ ಘಟಕ ಆರಂಭವಾಯಿತು. ಹತ್ತಿರದ ಘಟಕದ ವಿವರವನ್ನು ಗ್ರಾಮ ಪಂಚಾಯಿತಿ ಅಥವಾ ಪುರಸಭೆಯಲ್ಲಿ ವಿಚಾರಿಸಬಹುದು.

ಎರಡು ಗುಂಡಿಗಳ ಶೌಚಾಲಯದಲ್ಲಿ ಮಾತ್ರ ಗೊಬ್ಬರ ಮನೆಯಲ್ಲಿಯೇ ಸಿದ್ಧವಾಗುತ್ತದೆ. ತುಂಬಿದ ಗುಂಡಿಯನ್ನು ಮುಚ್ಚಿ ಎರಡು ವರ್ಷ ಬಿಟ್ಟರೆ ಒಳಗಿನದು ವಾಸನೆಯಿಲ್ಲದ, ಪುಡಿಯಾದ ಕಪ್ಪು ಗೊಬ್ಬರವಾಗುತ್ತದೆ. ಒಣಗಿದ್ದನ್ನು ಖಚಿತಪಡಿಸಿಕೊಂಡು ತೆಗೆದು ತೆಂಗು, ಮಾವು ಮುಂತಾದ ಮರಗಳ ಬುಡಕ್ಕೆ ಹಾಕಬಹುದು.

ಬಾವಿಯ ನೀರು, ಅಂಗಳದ ಮಕ್ಕಳು ಮತ್ತು ಕೂಲಿಗೆ ಬರುವವರ ಪ್ರಾಣ, ಈ ಮೂರೂ ಕಣ್ಣಿಗೆ ಕಾಣದ ಈ ತೊಟ್ಟಿಯ ನಿರ್ವಹಣೆಯನ್ನು ಅವಲಂಬಿಸಿವೆ. ಹೊಸ ಮನೆಗೆ ಬಂದ ರೈತ ಬಾಂಧವರು ಬರುವ ಬೇಸಿಗೆಗೆ ಮುನ್ನ ಮುಚ್ಚಳವನ್ನು ಹುಡುಕಿ, ನಕ್ಷೆ ಬರೆದು, ಗಸಿಯನ್ನು ಅಳೆದು ನೋಡಿದಲ್ಲಿ ಮುಂದಿನ ಮಳೆಗಾಲವನ್ನು ನಿಶ್ಚಿಂತೆಯಿಂದ ಕಳೆಯಬಹುದು.