ಪಕ್ಕದಲ್ಲೇ ನಿಂತವರ ಮಾತು ಕೇಳಿಸದಿದ್ದರೆ?

2007ರ ಆಗಸ್ಟ್ 1, ಸಂಜೆ 6 ಗಂಟೆ 5 ನಿಮಿಷ. ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದಲ್ಲಿ ಜನ ಆಫೀಸ್ ಬಿಟ್ಟು ಮನೆಗೆ ಹೊರಟ ಹೊತ್ತು. ಮಿಸಿಸಿಪ್ಪಿ ನದಿಯ ಮೇಲಿದ್ದ ಐ-35ಡಬ್ಲ್ಯೂ ಹೆದ್ದಾರಿ ಸೇತುವೆ ಕೆಲವೇ ಸೆಕೆಂಡುಗಳಲ್ಲಿ ಕುಸಿದುಬಿತ್ತು. ನೂರಕ್ಕೂ ಹೆಚ್ಚು ವಾಹನಗಳು ಸೇತುವೆಯ ಜೊತೆಗೇ ಕೆಳಗೆ ಬಂದವು. ಮಕ್ಕಳು ತುಂಬಿದ್ದ ಒಂದು ಬಸ್ಸೂ ಅದರಲ್ಲಿತ್ತು. 13 ಜನ ಸತ್ತರು, 145 ಜನ ಗಾಯಗೊಂಡರು. ಬಸ್ಸಿನಲ್ಲಿದ್ದ ಮಕ್ಕಳೆಲ್ಲ ಬದುಕಿದರು.

ನೆರವಿಗೆ ಓಡಿಬಂದವರು ಒಂದೇ ಇಲಾಖೆಯವರಲ್ಲ. ನಗರದ ಪೊಲೀಸರು, ಅಗ್ನಿಶಾಮಕ ದಳ, ಆಸ್ಪತ್ರೆಗಳ ಆಂಬುಲೆನ್ಸ್, ದೋಣಿ ತಂದ ಕೌಂಟಿ ಷರೀಫನ ಸಿಬ್ಬಂದಿ, ಹೆದ್ದಾರಿ ಇಲಾಖೆಯವರು. ಕೆಲವರು ನದಿಯ ಈ ದಡದಲ್ಲಿ, ಕೆಲವರು ಆ ದಡದಲ್ಲಿ. ಎಲ್ಲರೂ ಒಟ್ಟಿಗೆ ಫೋನ್ ಮಾಡಲು ಹೋಗಿ ಮೊಬೈಲ್ ನೆಟ್‌ವರ್ಕ್ ಕೈಕೊಟ್ಟಿತು. ಆದರೆ ರಕ್ಷಣಾ ಸಿಬ್ಬಂದಿಯ ಕೈಯಲ್ಲಿದ್ದ ರೇಡಿಯೊಗಳು ಒಂದರ ಜೊತೆ ಒಂದು ಮಾತಾಡಿದವು. ಅವರಲ್ಲಿ ಬಹುತೇಕರು ಒಂದೇ ರೇಡಿಯೊ ಜಾಲದಲ್ಲಿದ್ದರು.

ಇದರಲ್ಲೇನು ವಿಶೇಷ, ರೇಡಿಯೊ ಇರೋದೇ ಮಾತಾಡೋಕಲ್ವಾ ಅಂತ ನಿಮಗನ್ನಿಸಬಹುದು. ಆರು ವರ್ಷ ಹಿಂದೆ, ಇದಕ್ಕಿಂತ ಎಷ್ಟೋ ದೊಡ್ಡ ಊರಿನಲ್ಲಿ, ಅದು ಆಗಿರಲಿಲ್ಲ.

ಮೇಲಿದ್ದವರು ಹೇಳಿದ್ದು, ಒಳಗಿದ್ದವರಿಗೆ ತಲುಪದ್ದು

2001ರ ಸೆಪ್ಟೆಂಬರ್ 11, ನ್ಯೂಯಾರ್ಕ್. ವರ್ಲ್ಡ್ ಟ್ರೇಡ್ ಸೆಂಟರ್‌ನ ದಕ್ಷಿಣ ಗೋಪುರ ಬೆಳಗ್ಗೆ 9.59ಕ್ಕೆ ಕುಸಿಯಿತು. ಉತ್ತರ ಗೋಪುರ ಆಮೇಲೂ 29 ನಿಮಿಷ ನಿಂತಿತ್ತು. ಮೇಲೆ ಹಾರಾಡುತ್ತಿದ್ದ ಪೊಲೀಸ್ ಹೆಲಿಕಾಪ್ಟರಿನವರು, ಇದೂ ಹೆಚ್ಚು ಹೊತ್ತು ನಿಲ್ಲೋ ಹಾಗೆ ಕಾಣ್ತಿಲ್ಲ ಅಂತ ತಮ್ಮ ರೇಡಿಯೊದಲ್ಲಿ ಎಚ್ಚರಿಸಿದರು. ಆ ಮಾತು ಪೊಲೀಸ್ ರೇಡಿಯೊದಲ್ಲಿ ಹೋಯಿತು. ಅಗ್ನಿಶಾಮಕ ದಳದ ರೇಡಿಯೊ ಬೇರೆ. ಅದೇ ಗೋಪುರದ ಒಳಗಿದ್ದ ಅಗ್ನಿಶಾಮಕ ಸಿಬ್ಬಂದಿಗೆ ಅದು ಕೇಳಿಸಲೇ ಇಲ್ಲ. ಪಕ್ಕದ ಗೋಪುರ ಬಿದ್ದಿದೆ ಅನ್ನೋದೂ ಅವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಆ ದಿನ ಸತ್ತ ಅಗ್ನಿಶಾಮಕ ಸಿಬ್ಬಂದಿ 343 ಮಂದಿ.

ಸಾವುಗಳಿಗೆಲ್ಲ ರೇಡಿಯೊ ಒಂದೇ ಕಾರಣ ಅಂತ ಯಾರೂ ಹೇಳುವುದಿಲ್ಲ. ಘಟನೆಯ ತನಿಖೆ ನಡೆಸಿದ ಆಯೋಗ 2004ರಲ್ಲಿ ಕೊಟ್ಟ ವರದಿಯೂ ಹಾಗೆ ಹೇಳಲಿಲ್ಲ. ಹೊರಗೆ ಬನ್ನಿ ಅನ್ನೋ ಆದೇಶ ಅಗ್ನಿಶಾಮಕ ದಳದ ಚಾನೆಲ್‌ನಲ್ಲೂ ಹೋಗಿತ್ತು. ಕೆಲವರಿಗೆ ಕೇಳಿಸಿತು, ಕೆಲವರಿಗೆ ಇಲ್ಲ. ಕೇಳಿಸಿದ ಮೇಲೂ ಬೇರೆಯವರಿಗೆ ನೆರವಾಗಲು ನಿಂತವರಿದ್ದರು. ಆದರೆ ಪೊಲೀಸರು ಮತ್ತು ಅಗ್ನಿಶಾಮಕ ದಳದವರು ತಮ್ಮ ತಮ್ಮ ಪಾಡಿಗೆ ಬೇರೆ ಬೇರೆಯಾಗಿ ಕೆಲಸ ಮಾಡಿದ್ದರು ಅನ್ನೋದನ್ನು ವರದಿ ಸ್ಪಷ್ಟವಾಗಿ ಬರೆಯಿತು.

ಅದೇ ವರದಿಯಲ್ಲಿ ಒಂದು ಸಣ್ಣ ವಿವರವಿದೆ. 1993ರಲ್ಲಿ ಇದೇ ಕಟ್ಟಡದಲ್ಲಿ ಬಾಂಬ್ ಸ್ಫೋಟ ಆದಾಗಲೂ ರೇಡಿಯೊ ಸರಿಯಾಗಿ ಕೇಳಿಸಿರಲಿಲ್ಲ. ಅದಕ್ಕೇ ಸಿಗ್ನಲ್ ಬಲಪಡಿಸುವ ರಿಪೀಟರ್ ಹಾಕಿಸಿದ್ದರು. 2001ರಲ್ಲಿ ಉತ್ತರ ಗೋಪುರದ ಲಾಬಿಯಲ್ಲಿ ಅಧಿಕಾರಿಗಳು ಅದನ್ನು ಪರೀಕ್ಷಿಸಿದರು. ಕೆಲಸ ಮಾಡ್ತಿಲ್ಲ ಅಂತ ಬಿಟ್ಟರು. ನಿಜವಾಗಿ, ಮುಖ್ಯ ಹ್ಯಾಂಡ್‌ಸೆಟ್‌ನಿಂದ ಮಾತಾಡಬೇಕಾದರೆ ಇನ್ನೊಂದು ಬಟನ್ ಒತ್ತಬೇಕಿತ್ತು. ಅದನ್ನು ಯಾರೂ ಒತ್ತಿರಲಿಲ್ಲ. ಉಪಕರಣ ಇತ್ತು, ದುಡ್ಡು ಖರ್ಚಾಗಿತ್ತು. ಅದನ್ನು ಬಳಸಿ ಕೈ ಪಳಗಿರಲಿಲ್ಲ.

ಒಂದು ರೇಡಿಯೊಗೆ ಇನ್ನೊಂದು ಯಾಕೆ ಕೇಳಿಸಲ್ಲ?

ಮೊದಲನೇ ಕಾರಣ ತರಂಗಾಂತರ. ಪೊಲೀಸರ ಸೆಟ್ 150 ಮೆಗಾಹರ್ಟ್ಸ್ ಆಸುಪಾಸಿನಲ್ಲಿದ್ದು ಅಗ್ನಿಶಾಮಕ ದಳದ್ದು 450ರಲ್ಲೋ 800ರಲ್ಲೋ ಇದ್ದರೆ, ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತರೂ ಪ್ರಯೋಜನವಿಲ್ಲ. ಎಫ್‌ಎಂ ಮಾತ್ರ ಇರುವ ರೇಡಿಯೊದಲ್ಲಿ ಮೀಡಿಯಂ ವೇವ್ ಸ್ಟೇಷನ್ ಹುಡುಕಿದ ಹಾಗೆ.

ಎರಡನೆಯದು ತಂತ್ರಜ್ಞಾನ. ಹಳೇ ಸೆಟ್ ಅನಲಾಗ್, ಹೊಸದು ಡಿಜಿಟಲ್. ಡಿಜಿಟಲ್‌ನಲ್ಲೂ ಒಂದೊಂದು ಕಂಪನಿ ಒಂದೊಂದು ಪದ್ಧತಿ ಹಿಡಿದರೆ ಮುಗೀತು. ಈ ಗೋಜಲು ತಪ್ಪಿಸೋಕೇ ಅಮೆರಿಕದಲ್ಲಿ 1989ರಲ್ಲಿ ‘ಪ್ರಾಜೆಕ್ಟ್ 25’ ಅನ್ನೋ ಸಮಾನ ಮಾನದಂಡ ರೂಪಿಸುವ ಕೆಲಸ ಶುರುವಾಯಿತು. ಯುರೋಪಿನಲ್ಲಿ ‘ಟೆಟ್ರಾ’ ಬಂತು. ಯಾವ ಕಂಪನಿಯ ಸೆಟ್ ಆದರೂ ಒಂದೇ ಭಾಷೆ ಮಾತಾಡಲಿ ಅನ್ನೋದು ಉದ್ದೇಶ.

ಮೂರನೆಯದು ಪ್ರೋಗ್ರಾಮಿಂಗ್. ಎಲ್ಲ ಹೊಂದಾಣಿಕೆ ಇದ್ದರೂ ಪಕ್ಕದ ಇಲಾಖೆಯ ಚಾನೆಲ್ ನನ್ನ ಸೆಟ್‌ನಲ್ಲಿ ಹಾಕಿಸಿರಲೇ ಇಲ್ಲ ಅಂದ್ರೆ? ಅಥವಾ ಅವರ ಮಾತು ಎನ್‌ಕ್ರಿಪ್ಟ್ ಆಗಿದ್ದು, ಅದರ ಕೀ ನನ್ನ ಹತ್ತಿರ ಇಲ್ಲದಿದ್ದರೆ?

ನಾಲ್ಕನೆಯದು ಮಾತು. ಅಮೆರಿಕದ ಪೊಲೀಸರು ‘ಟೆನ್-ಫೋರ್’ ಥರದ ಸಂಕೇತ ಬಳಸೋದನ್ನು ಸಿನಿಮಾದಲ್ಲಿ ಕೇಳಿರ್ತೀರಿ. ಒಂದು ಊರಿನಲ್ಲಿ ಒಂದು ಸಂಖ್ಯೆಗೆ ಒಂದು ಅರ್ಥ, ಪಕ್ಕದೂರಿನಲ್ಲಿ ಅದೇ ಸಂಖ್ಯೆಗೆ ಬೇರೆ ಅರ್ಥ. ಅದಕ್ಕೇ ಹಲವು ಇಲಾಖೆಗಳು ಸೇರುವ ಕಡೆ ಸಂಕೇತ ಬಿಟ್ಟು ಸಾದಾ ಮಾತು ಬಳಸಿ ಅಂತ ಅಲ್ಲಿನ ಕೇಂದ್ರ ಸರ್ಕಾರ 9/11ರ ನಂತರದ ವರ್ಷಗಳಲ್ಲಿ ನಿಯಮ ಮಾಡಿತು.

ವಾಟ್ಸ್‌ಆ್ಯಪ್ ಗ್ರೂಪ್ ಸಾಲದಾ?

ನಮ್ಮ ವಯಸ್ಸಿನವರಿಗೆ ಮೊದಲು ಹೊಳೆಯೋದೇ ಇದು. ಸಾಲದು. ದುರಂತದ ಜಾಗದಲ್ಲಿ ಮೊದಲು ಬೀಳೋದೇ ಮೊಬೈಲ್ ನೆಟ್‌ವರ್ಕ್. ಒಂದೋ ಎಲ್ಲರೂ ಒಟ್ಟಿಗೆ ಬಳಸಿ ಜಾಮ್ ಆಗುತ್ತೆ, ಇಲ್ಲವೇ ಟವರ್‌ಗೆ ಕರೆಂಟ್ ಹೋಗುತ್ತೆ. ಹೊಗೆ ತುಂಬಿದ ಮನೆಯಲ್ಲಿ ಕೈಗವಸು ಹಾಕಿಕೊಂಡವರು ಟೈಪ್ ಮಾಡೋಕಾಗಲ್ಲ. ರೇಡಿಯೊದಲ್ಲಿ ಬಟನ್ ಒತ್ತಿದ ಕೂಡಲೇ ಒಬ್ಬರ ಮಾತು ಎಲ್ಲರಿಗೂ ಹೋಗುತ್ತೆ. ಟವರ್ ಬಿದ್ದುಹೋದರೂ ಹತ್ತಿರದ ಸೆಟ್‌ನಿಂದ ಸೆಟ್‌ಗೆ ನೇರವಾಗಿ ಮಾತಾಡಬಹುದು. 2012ರಲ್ಲಿ ಅಮೆರಿಕ ಕಾನೂನು ಮಾಡಿ ರಕ್ಷಣಾ ಸಿಬ್ಬಂದಿಗೆಂದೇ ‘ಫಸ್ಟ್‌ನೆಟ್’ ಅನ್ನೋ ಮೊಬೈಲ್ ಡೇಟಾ ಜಾಲ ಕಟ್ಟಲು ಹೊರಟಿತು. ಅದು ಬಂದ ಮೇಲೂ ಅವರ ಸೊಂಟದಿಂದ ರೇಡಿಯೊ ಇಳಿದಿಲ್ಲ.

ಮಿನ್ನೆಸೋಟ ಮಾಡಿದ್ದೇನು?

ಅಲ್ಲಿನ ಶಾಸನಸಭೆ 1995ರಲ್ಲೇ ರಾಜಧಾನಿ ಪ್ರದೇಶಕ್ಕೆ ಒಂದು ರೇಡಿಯೊ ಮಂಡಳಿ ರಚಿಸಿತು. ಮುಂದೆ ಅದೇ ಕೆಲಸ ಇಡೀ ರಾಜ್ಯಕ್ಕೆ ಹಬ್ಬಿತು. ಆ ಜಾಲದ ಹೆಸರು ‘ಆರ್ಮರ್’. 800 ಮೆಗಾಹರ್ಟ್ಸ್‌ನಲ್ಲಿ, ಪ್ರಾಜೆಕ್ಟ್ 25 ಮಾನದಂಡದಲ್ಲಿ ಕೆಲಸ ಮಾಡುತ್ತೆ, ರಾಜ್ಯದುದ್ದಕ್ಕೂ ಟವರ್‌ಗಳಿವೆ.

ಇದು ‘ಟ್ರಂಕಿಂಗ್’ ಜಾಲ. ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರ್ ನೆನಪಿಸಿಕೊಳ್ಳಿ. ಒಂದೊಂದು ಕೌಂಟರಿಗೂ ಬೇರೆ ಬೇರೆ ಸಾಲಿದ್ದರೆ ಒಂದು ಕಡೆ ನೂಕುನುಗ್ಗಲು, ಇನ್ನೊಂದು ಕಡೆ ಕ್ಲರ್ಕ್ ಸುಮ್ಮನೆ ಕೂತಿರ್ತಾನೆ. ಎಲ್ಲರದೂ ಒಂದೇ ಸಾಲು ಮಾಡಿ, ಖಾಲಿಯಾದ ಕೌಂಟರಿಗೆ ಮುಂದಿನವರನ್ನು ಕಳಿಸಿದರೆ? ಟ್ರಂಕಿಂಗ್ ಮಾಡೋದು ಅದನ್ನೇ. ಪೊಲೀಸರಿಗೊಂದು, ಆಂಬುಲೆನ್ಸಿಗೊಂದು ಅಂತ ತರಂಗಾಂತರ ಕಟ್ಟಿಹಾಕುವುದಿಲ್ಲ. ಯಾರು ಬಟನ್ ಒತ್ತಿದರೂ ಆ ಕ್ಷಣಕ್ಕೆ ಖಾಲಿ ಇರೋದನ್ನು ಕಂಪ್ಯೂಟರ್ ಕೊಡುತ್ತೆ. ಯಾರು ಯಾರ ಮಾತು ಕೇಳಬೇಕು ಅನ್ನೋದನ್ನು ‘ಟಾಕ್‌ಗ್ರೂಪ್’ ನಿರ್ಧರಿಸುತ್ತೆ. ದಿನನಿತ್ಯ ಪೊಲೀಸರಿಗೆ ಅವರ ಗುಂಪು, ಅಗ್ನಿಶಾಮಕ ದಳಕ್ಕೆ ಅವರ ಗುಂಪು. ದೊಡ್ಡ ಅವಘಡ ಆದರೆ ಎಲ್ಲರೂ ಮೊದಲೇ ಗೊತ್ತುಮಾಡಿದ ಸಾಮಾನ್ಯ ಗುಂಪಿಗೆ ಬರ್ತಾರೆ.

ತಂತ್ರಜ್ಞಾನಕ್ಕಿಂತ ನನಗೆ ಹಿಡಿಸಿದ್ದು ಅದರ ಹಿಂದಿನ ಏರ್ಪಾಡು. ಟವರ್‌ಗಳ ಜಾಲವನ್ನು ನೋಡಿಕೊಳ್ಳೋದು ಪೊಲೀಸ್ ಇಲಾಖೆ ಅಲ್ಲ, ಅಗ್ನಿಶಾಮಕವೂ ಅಲ್ಲ, ಸಾರಿಗೆ ಇಲಾಖೆ. ದುಡ್ಡು ಬರೋದು ಫೋನ್ ಬಿಲ್ಲಿನ ಜೊತೆ ವಸೂಲಾಗುವ 911 ಶುಲ್ಕದಿಂದ. ಕೈಯಲ್ಲಿ ಹಿಡಿಯೋ ಸೆಟ್‌ಗಳನ್ನು ಆಯಾ ಊರು, ಕೌಂಟಿಗಳೇ ಕೊಳ್ಳಬೇಕು. ನಿಯಮ ಮಾಡುವ ಮಂಡಳಿಯಲ್ಲಿ ರಾಜ್ಯದವರ ಜೊತೆ ಊರು, ಕೌಂಟಿಗಳ ಪ್ರತಿನಿಧಿಗಳೂ ಕೂರುತ್ತಾರೆ.

ಇದರ ಜೊತೆಗೆ ತರಬೇತಿ. 2002ರಲ್ಲಿ ಮಿನಿಯಾಪೊಲಿಸ್ ನಗರದ ಹಿರಿಯ ಅಧಿಕಾರಿಗಳು ಕೇಂದ್ರ ಸರ್ಕಾರದ ತರಬೇತಿಗೆ ಹೋಗಿ, ದುರಂತ ಬಂದರೆ ಯಾರು ಏನು ಮಾಡಬೇಕು ಅಂತ ಒಟ್ಟಿಗೆ ಕೂತು ಅಭ್ಯಾಸ ಮಾಡಿದ್ದರು. ಸೇತುವೆ ಬಿದ್ದ ಸಂಜೆ ಅವರಲ್ಲಿ ಅನೇಕರಿಗೆ ಪರಸ್ಪರ ಪರಿಚಯ ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ.

ಅಮೆರಿಕದ ಗೃಹಭದ್ರತಾ ಇಲಾಖೆಯ ‘ಸೇಫ್‌ಕಾಮ್’ ಯೋಜನೆ ಇದಕ್ಕೊಂದು ಅಳತೆಪಟ್ಟಿ ಮಾಡಿದೆ. ಅದರಲ್ಲಿ ಐದು ಸಾಲು: ಆಡಳಿತದ ಒಪ್ಪಂದ, ಕಾರ್ಯವಿಧಾನ, ತಂತ್ರಜ್ಞಾನ, ತರಬೇತಿ ಮತ್ತು ಅಣಕು ಕಾರ್ಯಾಚರಣೆ, ದಿನನಿತ್ಯದ ಬಳಕೆ. ಗಮನಿಸಿ, ಐದರಲ್ಲಿ ತಂತ್ರಜ್ಞಾನ ಒಂದೇ ಒಂದು. ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಎರಡು ಸಿಸ್ಟಂ ಜೋಡಿಸೋ ಕೋಡ್ ಒಂದು ವಾರದ್ದು. ಯಾವ ಟೀಮ್ ಯಾರಿಗೆ ಏನು ಕೊಡಬೇಕು ಅನ್ನೋ ಮೀಟಿಂಗ್ ಮೂರು ತಿಂಗಳದ್ದು.

ಎಲ್ಲರಿಗೂ ಹೊಸ ಜಾಲ ಕಟ್ಟೋಕಾಗಲ್ಲ, ನಿಜ. ಒಂದು ಒಳ್ಳೆ ಪ್ರಾಜೆಕ್ಟ್ 25 ಸೆಟ್‌ಗೆ ಹಲವು ಸಾವಿರ ಡಾಲರ್ ಆಗುತ್ತೆ. ಅಗ್ಗದ ದಾರಿಗಳೂ ಇವೆ. ಎರಡು ಬೇರೆ ಜಾಲಗಳ ಧ್ವನಿಯನ್ನು ಸ್ಥಳದಲ್ಲೇ ಬೆಸೆಯುವ ಗೇಟ್‌ವೇ ಪೆಟ್ಟಿಗೆ, ಹೊರಗಿನಿಂದ ಬಂದ ತಂಡಗಳಿಗೆ ಹಂಚಲು ಜಿಲ್ಲೆಯಲ್ಲೊಂದಿಷ್ಟು ಹೆಚ್ಚುವರಿ ಸೆಟ್, ಎಲ್ಲ ಇಲಾಖೆಯ ರೇಡಿಯೊದಲ್ಲೂ ಒಂದೇ ಹೆಸರಿನ ಒಂದು ಸಾಮಾನ್ಯ ಚಾನೆಲ್. ಕೊನೆಯದಕ್ಕೆ ಬೇಕಾಗಿರೋದು ದುಡ್ಡಿಗಿಂತ ಹೆಚ್ಚಾಗಿ ಒಪ್ಪಿಗೆ. ಸೆಟ್‌ಗಳು ಒಂದೇ ಬ್ಯಾಂಡ್, ಒಂದೇ ಪದ್ಧತಿಯವಾಗಿದ್ದರೆ ಸಾಕು.

ನಮ್ಮ ರಾಜ್ಯದಲ್ಲಿ?

ನಮ್ಮಲ್ಲಿ ಒಂದು ಒಳ್ಳೆ ಹೆಜ್ಜೆ ಆಗಿದೆ. ಹಿಂದೆ ಪೊಲೀಸರಿಗೆ 100, ಬೆಂಕಿಗೆ 101, ಆಂಬುಲೆನ್ಸ್‌ಗೆ 108 ಅಂತ ನೆನಪಿಟ್ಟುಕೊಳ್ಳಬೇಕಿತ್ತು. ಈಗ 112 ಒಂದಕ್ಕೇ ಕರೆ ಮಾಡಬಹುದು. ಆದರೆ ನಾವು ಮಾಡೋ ಕರೆ ಒಂದಾದ ಮಾತ್ರಕ್ಕೆ ಸ್ಥಳಕ್ಕೆ ಬಂದವರ ಮಾತು ಒಂದಾಗುವುದಿಲ್ಲ. ಕರೆ ಸ್ವೀಕರಿಸೋದು ಕೊಠಡಿಯಲ್ಲಿ ಕೂತು ಮಾಡುವ ಕೆಲಸ. ಇಂಟರ್‌ಆಪರೆಬಿಲಿಟಿ ಅನ್ನೋದು ಮಣ್ಣಿನ ಮೇಲೆ, ನೀರಿನ ಪಕ್ಕ ಬೇಕಾಗುವ ಸಂಗತಿ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದಾಗ ಎಷ್ಟು ತಂಡಗಳು ಬಂದಿದ್ದವು ನೆನಪಿಸಿಕೊಳ್ಳಿ. ಪೊಲೀಸರು, ಅಗ್ನಿಶಾಮಕ, ಎಸ್‌ಡಿಆರ್‌ಎಫ್, ಎನ್‌ಡಿಆರ್‌ಎಫ್, ಸೇನೆ, ನೌಕಾಪಡೆಯ ಮುಳುಗುಗಾರರು, ಅವರ ಜೊತೆ ಮಲ್ಪೆಯ ಮುಳುಗು ತಜ್ಞರು. ಗಂಗಾವಳಿ ನದಿಯಲ್ಲಿ ಲಾರಿಯ ಹುಡುಕಾಟ ಎರಡು ತಿಂಗಳಿಗೂ ಮೀರಿ ನಡೆಯಿತು. ಇಷ್ಟು ಜನ ಸೇರುವ ಜಾಗ ನಮಗೆ ಅಪರೂಪವೇನಲ್ಲ. 2018ರಲ್ಲಿ ಕೊಡಗು ನೋಡಿದ್ದೂ ಇದನ್ನೇ. ಪಶ್ಚಿಮ ಘಟ್ಟದ ಮಳೆಗಾಲ ಮತ್ತೆ ಇದನ್ನೇ ಕೇಳುತ್ತೆ.

ಜೊತೆಗೆ ನಮಗೆ ಇನ್ನೊಂದು ಪದರ ಇದೆ, ಭಾಷೆ. ಎನ್‌ಡಿಆರ್‌ಎಫ್ ಸಿಬ್ಬಂದಿ ಬರೋದು ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಕೇಂದ್ರ ಪಡೆಗಳಿಂದ, ದೇಶದ ಎಲ್ಲ ಮೂಲೆಗಳವರು. ನದಿಯ ಸುಳಿ ಎಲ್ಲಿದೆ ಅಂತ ಗೊತ್ತಿರೋ ಮೀನುಗಾರ ಮಾತಾಡೋದು ಕೊಂಕಣಿ, ತುಳು ಅಥವಾ ಕನ್ನಡ. ಸೆಟ್‌ಗಳು ಹೊಂದಿಕೊಂಡರೂ ‘ನಿಲ್ಲಿ’, ‘ಹಿಂದೆ ಬನ್ನಿ’, ‘ಇಲ್ಲೊಬ್ಬರು ಸಿಕ್ಕಿದ್ದಾರೆ’ ಅನ್ನೋ ಹತ್ತಿಪ್ಪತ್ತು ಮಾತುಗಳನ್ನು ಎಲ್ಲರೂ ಮೊದಲೇ ಒಟ್ಟಿಗೆ ಕಲಿತಿರಬೇಕು. ಅದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ.

ರಾಜ್ಯ ಏನು ಮಾಡಬೇಕು ಅನ್ನೋದಕ್ಕೆ ನನ್ನ ಪಟ್ಟಿ ಚಿಕ್ಕದು. ಎಲ್ಲ ಇಲಾಖೆಗಳೂ ಸಮಾನವಾಗಿ ಕೂರುವ ಒಂದು ರೇಡಿಯೊ ಮಂಡಳಿ. ಪ್ರತಿ ಜಿಲ್ಲೆಗೂ ಗೊತ್ತಾದ ಒಂದು ಸಾಮಾನ್ಯ ಚಾನೆಲ್. ಮಳೆಗಾಲಕ್ಕೆ ಮೊದಲು, ವರ್ಷಕ್ಕೊಮ್ಮೆಯಾದರೂ, ಆ ಚಾನೆಲ್ ಬಳಸಿಯೇ ನಡೆಯುವ ಅಣಕು ಕಾರ್ಯಾಚರಣೆ. ಮತ್ತು ಸಣ್ಣಪುಟ್ಟ ಅಪಘಾತಕ್ಕೂ ಅದೇ ಚಾನೆಲ್ ಬಳಸುವ ರೂಢಿ. ವರ್ಷವಿಡೀ ಮುಟ್ಟದ ಬಟನ್ ಆಪತ್ತಿನ ದಿನ ನೆನಪಾಗುವುದಿಲ್ಲ, ನ್ಯೂಯಾರ್ಕಿನಲ್ಲಿ ಆದದ್ದೂ ಅದೇ.

ನಾವು ಮಾಡಬಹುದಾದ್ದೂ ಒಂದಿದೆ. ನಮ್ಮಲ್ಲಿ ಹೆಚ್ಚಿನವರು ಇರೋದು ಅಪಾರ್ಟ್‌ಮೆಂಟ್‌ನಲ್ಲಿ, ಕೆಲಸ ಮಾಡೋದು ಎತ್ತರದ ಕಟ್ಟಡದಲ್ಲಿ. ಕಾಂಕ್ರೀಟು, ಗಾಜು, ಎರಡು ಮೂರು ಹಂತದ ಬೇಸ್‌ಮೆಂಟು ರೇಡಿಯೊ ತರಂಗವನ್ನು ನುಂಗಿಹಾಕುತ್ತವೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ಅಗ್ನಿಸುರಕ್ಷತಾ ಸಂಹಿತೆ, ಹೊಸ ಕಟ್ಟಡದೊಳಗೆ ರಕ್ಷಣಾ ಸಿಬ್ಬಂದಿಯ ರೇಡಿಯೊ ಕೆಲಸ ಮಾಡಲೇಬೇಕು ಅನ್ನುತ್ತೆ. ಮುಂದಿನ ಸಲ ನಿಮ್ಮಲ್ಲಿ ಫೈರ್ ಡ್ರಿಲ್ ಆದಾಗ, ಸೆಲ್ಫಿ ತೆಗೆದು ಕಾಫಿಗೆ ಹೋಗೋ ಮೊದಲು ಎರಡು ಪ್ರಶ್ನೆ ಕೇಳಿ. ಅಗ್ನಿಶಾಮಕ ದಳದವರು ಬಂದರೆ ಅವರ ವಾಕಿಟಾಕಿ ಕೆಳಗಿನ ಬೇಸ್‌ಮೆಂಟ್‌ನಲ್ಲಿ ಕೇಳಿಸುತ್ತಾ? ನಮ್ಮ ಸೆಕ್ಯೂರಿಟಿಯವರ ಕೈಯಲ್ಲಿರೋ ವಾಕಿಟಾಕಿಯಿಂದ ಅವರಿಗೆ ಸುದ್ದಿ ಮುಟ್ಟಿಸೋಕೆ ದಾರಿ ಏನು?

ಯಾರಿಂದ ಏನು ಉತ್ತರ ಬಂತು ಅಂತ ಈ ಅಂಕಣಕ್ಕೆ ಬರೆದು ತಿಳಿಸಿ.