ಹಿನ್ನೀರಿನ ನಡುವೆ ಕೈಕೊಟ್ಟ ಕರೆಂಟು

ರಜೆ ಸಿಕ್ಕಿದರೆ ನಮ್ಮ ಕಡೆಯವರ ಪ್ರವಾಸಕ್ಕೆ ಒಂದು ಖಾಯಂ ದಾರಿ ಉಂಟು. ಸುಬ್ಹಿ ನಮಾಝ್ ಮುಗಿಸಿ ವ್ಯಾನ್ ಹತ್ತುವುದು, ಸಂಪಾಜೆ ಘಾಟಿ, ಮಡಿಕೇರಿಯಲ್ಲಿ ಚಹಾ, ರಾತ್ರಿ ಮೈಸೂರು, ಮರುದಿನ ಶ್ರೀರಂಗಪಟ್ಟಣ. ನಾವೂ ಹಾಗೆಯೇ ಹೋದೆವು. ದೊಡ್ಡವರು, ಚಿಕ್ಕವರು ಸೇರಿ ಹನ್ನೊಂದು ಮಂದಿ. ಗುಂಬಝ್‌ನಲ್ಲಿ ಹೈದರಾಲಿ, ಫಖ್ರುನ್ನಿಸಾ, ಟಿಪ್ಪು ಮೂವರ ಗೋರಿಗಳ ಮುಂದೆ ಫಾತಿಹಾ ಓದಿ, ಸಂಗಮದಲ್ಲಿ ತೆಪ್ಪಗಳು ತಿರುಗುವುದನ್ನು ನೋಡಿ, ಆಮೇಲೆ ಕರಿಘಟ್ಟಕ್ಕೆ ಹೋದೆವು. ಬೆಟ್ಟದ ಮೇಲಿರುವುದು ಶ್ರೀನಿವಾಸ ದೇವಸ್ಥಾನ. ನಾವು ಬದಿಯಲ್ಲಿ ನಿಂತು ಗಾಳಿ ಕುಡಿದೆವು. ಕೆಳಗೆ ಲೋಕಪಾವನಿ ಬಂದು ಕಾವೇರಿಗೆ ಸೇರುವುದು, ಗದ್ದೆ, ತೆಂಗಿನ ತೋಟ, ದೂರಕ್ಕೆ ಪಟ್ಟಣ ಎಲ್ಲ ಕಾಣುತ್ತದೆ. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಪಾಳೆಯದ ಮೇಲೆ ಬಿದ್ದಾಗ ಅದರ ಒಂದು ತುಕಡಿ ನುಗ್ಗಿದ್ದು ಈ ಬೆಟ್ಟಕ್ಕೆ. ಇದನ್ನು ಹೇಳಿದರೆ ಮಕ್ಕಳಿಗೆ ಕಿವಿ ಎಲ್ಲಿ! ಅವರಿಗೆ ದೋಣಿ ಬೇಕು. ತೆಪ್ಪ ಸಾಲದು, ಮೋಟಾರು ಇರುವ ದೋಣಿಯೇ ಆಗಬೇಕು.

ಹಾಗೆ ಬೆಟ್ಟ ಇಳಿದು, ಊಟ ಮುಗಿಸಿ, ವ್ಯಾನಿನಲ್ಲಿ ಇನ್ನೂ ಸ್ವಲ್ಪ ದೂರ ಹೋಗಿ ಒಂದು ಹಿನ್ನೀರಿನ ದಡ ಸೇರಿದೆವು. ಜಾಗದ ಹೆಸರು, ದೋಣಿಯವರ ಹೆಸರು ಇಲ್ಲಿ ಬೇಡ. ಅವರಿಗೆ ಕೆಟ್ಟ ಹೆಸರು ತರಲಿಕ್ಕೆ ಬರೆಯುತ್ತಿಲ್ಲ, ತಪ್ಪಿನಲ್ಲಿ ನಮ್ಮ ಪಾಲೂ ಉಂಟು. ಹನ್ನೊಂದು ಜನಕ್ಕೆ ಲೈಫ್ ಜಾಕೆಟ್ ಇದ್ದದ್ದು ಆರು. ಮಕ್ಕಳ ಅಳತೆಯದ್ದು ಒಂದೂ ಇಲ್ಲ. ಜೊತೆಗಿದ್ದ ಮಾಮ ಮುಖ ಸಿಂಡರಿಸಿದರು. "ಅರ್ಧ ಗಂಟೆಯ ವಿಷಯ ಅಲ್ವಾ ಮಾಮ" ಅಂತ ಹೇಳಿ ಹತ್ತಿಸಿದ್ದು ನಾವೇ.

ಮಾಮನ ಬಗ್ಗೆ ಒಂದು ಮಾತು. ಬೆಂಗ್ರೆ, ಹಳೆ ಬಂದರಿನ ಬೋಟುಗಳಿಗೆ ವಯರಿಂಗ್ ಮಾಡುತ್ತಾ ಕೂದಲು ಬೆಳ್ಳಗಾದವರು. ನಡುವೆ ಕೆಲವು ವರ್ಷ ಗಲ್ಫ್‌ನಲ್ಲೂ ಅದೇ ಕೆಲಸ. ಪ್ರವಾಸಕ್ಕೆ ಬಂದದ್ದು ಉಮ್ಮನ ಒತ್ತಾಯಕ್ಕೆ.

ನೀರಿನ ನಡುವೆ ಹೋದ ಮೇಲೆ ದೋಣಿಯ ಹುಡುಗ ಎಂಜಿನ್ ನಿಲ್ಲಿಸಿದ. ಫೋಟೋ ತೆಗೆಯಲಿ ಅಂತ. ಹಾಡು ಹಾಕಿದ, ಬಣ್ಣದ ಲೈಟ್ ಹಾಕಿದ. ಹತ್ತು ನಿಮಿಷ ಎಲ್ಲರೂ ಖುಷಿ. ಹೊರಡಲು ಕೀ ತಿರುಗಿಸಿದಾಗ 'ಟಕ್' ಅಂತ ಒಂದೇ ಸದ್ದು. ಅದರ ಜೊತೆಗೇ ಹಾಡು ನಿಂತಿತು, ಲೈಟ್ ಹೋಯಿತು, ಹಾರ್ನ್ ಇಲ್ಲ. ಹುಡುಗ ಮತ್ತೆ ತಿರುಗಿಸಿದ, ಮತ್ತೆ ಮತ್ತೆ ತಿರುಗಿಸಿದ. "ಏನಾಗಿಲ್ಲ ಬುಡಿ ಸಾ, ಬ್ಯಾಟ್ರಿ ವೀಕಾಗೈತೆ" ಅಂದ. ಅಷ್ಟರಲ್ಲಿ ಗಾಳಿ ನಮ್ಮನ್ನು ಮೆಲ್ಲ ಬದಿಗೆ ತಳ್ಳುತ್ತಿತ್ತು. ಆ ಕಡೆ ನೀರಿನಲ್ಲಿ ಮುಳುಗಿ ಸತ್ತ ಮರಗಳ ಬೊಡ್ಡೆಗಳು ತಲೆ ಎತ್ತಿ ನಿಂತಿದ್ದವು. ಅಸರ್ ಕಳೆದು ಬಿಸಿಲು ಇಳಿಯುತ್ತಿತ್ತು. ಬೆಳಿಗ್ಗೆ ಸಂಗಮದಲ್ಲಿ ನೋಡಿದ ತೆಪ್ಪದವನ ಕೈಯಲ್ಲಿ ಕಡೇಪಕ್ಷ ಒಂದು ಹುಟ್ಟು ಇತ್ತು. ನಮ್ಮ ಮೋಟಾರು ದೋಣಿಯಲ್ಲಿ ಅದೂ ಇಲ್ಲ.

ಮಾಮ ಎದ್ದರು. ನಾವು ಎಂಜಿನ್ ಹತ್ತಿರ ಹೋಗುತ್ತಾರೆ ಅಂದುಕೊಂಡರೆ ಅವರು ಮೊದಲು ಹೋದದ್ದು ಮಕ್ಕಳ ಹತ್ತಿರ. ಇದ್ದ ಆರು ಜಾಕೆಟ್ ಮಕ್ಕಳಿಗೂ ಈಜು ಬಾರದವರಿಗೂ ಹಾಕಿಸಿ, ದೊಡ್ಡದಾದ ಜಾಕೆಟಿನ ಪಟ್ಟಿಗಳನ್ನು ಕಾಲಿನ ನಡುವಿನಿಂದ ತಂದು ಶಾಲಿನಲ್ಲಿ ಬಿಗಿದು ಕಟ್ಟಿದರು. "ಎಲ್ಲ ಕೂತ್ಕೊಳ್ಳಿ. ಒಂದೇ ಬದಿಗೆ ಬರ್ಬೇಡಿ, ಇಣುಕ್ಬೇಡಿ." ಹುಡುಗನ ಕಡೆ ತಿರುಗಿ, "ಲಂಗರು ಉಂಟಾ?" ಇತ್ತು, ಹಗ್ಗಕ್ಕೆ ಕಟ್ಟಿದ ಒಂದು ಕಲ್ಲು. ಇಳಿಸಿದ ಮೇಲೆ ದೋಣಿ ಸರಿಯುವುದು ನಿಂತಿತು. ಆಮೇಲೆ ದಡಕ್ಕೆ ಫೋನ್ ಮಾಡಿಸಿದರು. ಅವರು ಬಾರದಿದ್ದರೆ 112ಕ್ಕೆ ಮಾಡಲು ನಮಗೆ ಹೇಳಿದರು. ಇಷ್ಟು ಆದ ಮೇಲೆಯೇ ಅವರು ಹಿಂದಿನ ಸೀಟಿನ ಹಲಗೆ ಎತ್ತಿದ್ದು.

"ಬ್ಯಾಟರಿ ವೀಕ್ ಅಲ್ಲ ಮಾರಾಯ. ವೀಕ್ ಆದ್ರೆ ಮೊದ್ಲೇ ಲೈಟ್ ಮಂಕಾಗ್ತಿತ್ತು, ಹಾಡು ಕೊರಗ್ತಿತ್ತು. ಕೀ ತಿರುಗಿಸುವವರೆಗೆ ಎಲ್ಲ ಸರಿ ಇತ್ತು, ತಿರುಗಿಸಿದ ಕೂಡ್ಲೆ ಎಲ್ಲ ಒಟ್ಟಿಗೆ ಸತ್ತಿತು. ಇದು ಕೊಂಡಿಯ ವಿಷಯ" ಅಂದರು. ಬ್ಯಾಟರಿಯ ಎರಡು ಕಂಬಗಳ ಮೇಲಿನ ಕ್ಲಾಂಪುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿದರು. ಒಂದು ತಣ್ಣಗೆ. ಮೈನಸ್ ಬದಿಯದ್ದು ಬೆಚ್ಚಗೆ! ಅದನ್ನು ಕೈಯಲ್ಲಿ ಹಿಡಿದು ತಿರುವಿದರೆ ಬಳೆಯ ಹಾಗೆ ತಿರುಗಿತು. ಒಳಗೆ ಬಿಳಿ, ಹಸಿರು ಪುಡಿ.

ತಂಗಿಯ ಮಗನಿಗೆ ಅಳು ನಿಂತು ಕುತೂಹಲ ಹುಟ್ಟಿತ್ತು. "ಲೈಟ್ ಉರೀತಿತ್ತಲ್ಲ ಮಾಮ, ಮತ್ತೆ ಕರೆಂಟ್ ಇಲ್ಲ ಅಂತ ಹೇಗೆ?" ಮಾಮ ಕೊಟ್ಟ ಉತ್ತರ ನಮಗೂ ಅರ್ಥವಾಗುವ ಹಾಗಿತ್ತು. ಮಸೀದಿಯ ಮೇಲಿನ ಟ್ಯಾಂಕ್ ತುಂಬಾ ನೀರುಂಟು, ಆದರೆ ಇಳಿಯುವ ಪೈಪಿನಲ್ಲಿ ಪಾಚಿ ಕಟ್ಟಿದೆ ಅಂತ ಇಟ್ಟುಕೊಳ್ಳಿ. ಒಬ್ಬರು ವುಝೂ ಮಾಡಿದರೆ ನಳ್ಳಿಯಲ್ಲಿ ನೀರು ಬರುತ್ತದೆ. ಜುಮಾ ದಿನ ಹತ್ತೂ ನಳ್ಳಿ ಒಟ್ಟಿಗೆ ತೆರೆದರೆ ಯಾರಿಗೂ ಇಲ್ಲ. ಲೈಟಿಗೆ, ಹಾಡಿಗೆ ಬೇಕಾಗುವುದು ಒಂದೆರಡು ಆಂಪಿಯರ್. ಎಂಜಿನ್ ತಿರುಗಿಸುವ ಸ್ಟಾರ್ಟರ್ ನೂರು ಆಂಪಿಯರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಎಳೆಯುತ್ತದೆ. ಸಡಿಲವಾದ, ಪುಡಿ ಹಿಡಿದ ಕ್ಲಾಂಪಿನ ಮೂಲಕ ಅಷ್ಟು ಹರಿಯುವುದಿಲ್ಲ. ಹರಿಯಲಾರದ ಕರೆಂಟು ಅಲ್ಲೇ ಬಿಸಿಯಾಗುತ್ತದೆ. ಬೆರಳಿಗೆ ತಗುಲಿದ ಬಿಸಿ ಅದೇ. ಹುಡುಗ ಕೀಯನ್ನು ತಿರುಗಿಸಿದಷ್ಟು ಸಲವೂ ಆ ಕೊಂಡಿ ಇನ್ನಷ್ಟು ಕೆಟ್ಟಿತು.

ದೋಣಿಯಲ್ಲಿ ಒಂದು ಸ್ಪ್ಯಾನರ್ ಇಲ್ಲ. ಮಾಮ ಉಂಗುರ ಬಿಚ್ಚಿ ಜೇಬಿಗೆ ಹಾಕಿದರು. ಉಂಗುರವೋ ಬಳೆಯೋ ಪ್ಲಸ್ಸಿಗೂ ಮೈನಸ್ಸಿಗೂ ಒಟ್ಟಿಗೆ ತಾಗಿದರೆ ಬೆರಳು ಸುಟ್ಟು ಹೋಗುತ್ತದೆ. ಮೈನ್ ಸ್ವಿಚ್ ಆಫ್ ಮಾಡಿ, ಮೈನಸ್ ಕ್ಲಾಂಪ್ ತೆಗೆದು, ವ್ಯಾನಿನ ಕೀಯಿಂದ ಒಳಮೈಯನ್ನೂ ಸೀಸದ ಕಂಬವನ್ನೂ ಹೊಳೆಯುವವರೆಗೆ ಕೆರೆದರು. ಬೋಲ್ಟು ಬಿಗಿಯಲು ಸಾಧನ ಇಲ್ಲವಲ್ಲ, ಮಕ್ಕಳು ಕುಡಿದಿಟ್ಟ ತಂಪು ಪಾನೀಯದ ಡಬ್ಬಿಯಿಂದ ಕತ್ತರಿಯಲ್ಲಿ ಒಂದು ಸಣ್ಣ ಪಟ್ಟಿ ಕತ್ತರಿಸಿ, ಅದರ ಬಣ್ಣ ಕೆರೆದು, ಕಂಬಕ್ಕೆ ಸುತ್ತಿ ಕ್ಲಾಂಪನ್ನು ಅದರ ಮೇಲೆ ಒತ್ತಿ ಕೂರಿಸಿದರು. ಉಮ್ಮನ ಚೀಲದಲ್ಲಿ ಕತ್ತರಿ ಇದ್ದದ್ದು ನಮ್ಮ ಪುಣ್ಯ. "ಇದು ದಡ ಮುಟ್ಟಲಿಕ್ಕೆ ಮಾತ್ರ" ಅಂದರು. ಬಿಸ್ಮಿ ಹೇಳಿ ಹುಡುಗ ಕೀ ತಿರುಗಿಸಿದ. ಅವನೂ ಬಿಸ್ಮಿ ಹೇಳಿದ್ದ, ನಮ್ಮ ಮಕ್ಕಳು ಹೇಳಿಸಿದ್ದರು. ಎಂಜಿನ್ ಹತ್ತಿತು. ಅಲ್‌ಹಮ್ದುಲಿಲ್ಲಾಹ್.

ಆ ರಾತ್ರಿ ಮೈಸೂರಿನ ರೂಮಿನಲ್ಲಿ ಮಾತೆಲ್ಲ ಇದೇ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸಣ್ಣ ಫೈಬರ್ ದೋಣಿ ಉಂಟು, ನೇತ್ರಾವತಿ, ಫಲ್ಗುಣಿಯ ಬದಿಯಲ್ಲಿ ಮರಳ ತೀರಕ್ಕೆ, ಮದುವೆ ಮನೆಯವರನ್ನು ಸುತ್ತಾಡಿಸಲಿಕ್ಕೆ. ಅವರಿಗಾಗಿ ಮಾಮ ಹೇಳಿದ್ದನ್ನು ಬರೆಯುತ್ತೇವೆ.

ಕರೆಂಟು ಹೋದಾಗ ಮೊದಲು ನೋಡಬೇಕಾದದ್ದು ಹೋದದ್ದು ಎಷ್ಟು ಅಂತ. ಒಂದೇ ಒಂದು ಲೈಟೋ ಪಂಪೋ ಹೋಗಿದ್ದರೆ ದೋಷ ಅದರ ಫ್ಯೂಸಿನಲ್ಲಿ ಅಥವಾ ಅದರ ವಯರಿನಲ್ಲಿ. ಎಲ್ಲವೂ ಒಟ್ಟಿಗೆ ಹೋಗಿದ್ದರೆ ಬ್ಯಾಟರಿ ಕ್ಲಾಂಪು, ಮೈನ್ ಸ್ವಿಚ್, ಮೈನ್ ಫ್ಯೂಸು ಈ ಮೂರರಲ್ಲೇ ಎಲ್ಲೋ ಉಂಟು. ಲೈಟ್, ಹಾರ್ನ್ ಎಲ್ಲ ಜೋರಾಗಿದ್ದೂ ಕೀ ತಿರುಗಿಸಿದರೆ ಏನೂ ಸದ್ದಿಲ್ಲ ಅಂದರೆ ಗೇರ್ ನ್ಯೂಟ್ರಲ್‌ನಲ್ಲಿ ಉಂಟಾ ನೋಡಬೇಕು. ಎಂಜಿನ್ ತಿರುಗುತ್ತದೆ, ಹತ್ತುವುದಿಲ್ಲ ಅಂದರೆ ಚಾಲಕನ ಕೈಗೆ ಕಟ್ಟುವ ಕೆಂಪು ಹಗ್ಗದ ಕ್ಲಿಪ್ಪು ಜಾರಿದೆಯಾ ನೋಡಬೇಕು. ಆ ಕ್ಲಿಪ್ಪು ಕಳಚಿದ್ದಕ್ಕೆ ಎಂಜಿನ್ ಬಿಚ್ಚಿ ಹಾಕಿದವರನ್ನು ಮಾಮ ನೋಡಿದ್ದಾರಂತೆ. ಹೆಸರು ಹೇಳಲಿಲ್ಲ, ನಕ್ಕರು.

ಮಲ್ಟಿಮೀಟರ್ ಅಂತ ಒಂದು ಉಂಟು, ಮನೆ ವಯರಿಂಗಿನವರೆಲ್ಲರ ಹತ್ತಿರ ಇರುತ್ತದೆ. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟ ತುಂಬಿದ ಬ್ಯಾಟರಿ 12.6 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ತೋರಿಸಬೇಕು. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಾದರೆ ದೋಣಿ ಬಿಡಬಾರದು. ಎಂಜಿನ್ ಓಡುವಾಗ 14ರ ಹತ್ತಿರ ಇರಬೇಕು. ಓಡುವಾಗಲೂ 12ರಲ್ಲೇ ಕೂತರೆ ಎಂಜಿನ್ ಬ್ಯಾಟರಿಗೆ ಚಾರ್ಜ್ ಕೊಡುತ್ತಿಲ್ಲ, ಹೊಸ ಬ್ಯಾಟರಿ ತಂದರೂ ಅದು ನಾಳೆ ಸಾಯುತ್ತದೆ. ಆದರೆ ಮೀಟರಿಗೂ ಒಂದು ಮೋಸ ಉಂಟು. ನೂರು ಎಳೆಯ ವಯರಿನಲ್ಲಿ ತೊಂಬತ್ತೊಂಬತ್ತು ತುಂಡಾಗಿದ್ದರೂ, ಏನೂ ಉರಿಯದಿರುವಾಗ ಅಳೆದರೆ ಮೀಟರು 12.6 ಅಂತಲೇ ಹೇಳುತ್ತದೆ. ಹಾಗಾಗಿ ಒಬ್ಬರು ಕೀ ತಿರುಗಿಸುತ್ತಿರುವಾಗ ಇನ್ನೊಬ್ಬರು ಅಳೆಯಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಕಂಬಕ್ಕೆ, ಇನ್ನೊಂದು ಅದರ ಮೇಲಿನ ಕ್ಲಾಂಪಿಗೆ. ಅಲ್ಲಿ ವೋಲ್ಟೇಜ್ ತೋರಿಸಲೇಬಾರದು. ಒಂದೆರಡು ವೋಲ್ಟ್ ತೋರಿಸಿದರೆ ಅಷ್ಟೂ ಆ ಕೊಂಡಿಯಲ್ಲೇ ನಷ್ಟ.

ಫ್ಯೂಸ್ ಹೋದರೆ ಅಷ್ಟೇ ಆಂಪಿಯರಿನದ್ದು ಹಾಕಬೇಕು. ಅದೂ ಹೋದರೆ ಎಲ್ಲೋ ಶಾರ್ಟ್ ಉಂಟು ಅಂತ ಅರ್ಥ. ಸಿಗರೇಟಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ದೋಣಿ. ಪೆಟ್ರೋಲ್ ಎಂಜಿನ್ನಿನ ದೋಣಿಯಲ್ಲಿ ಟ್ಯಾಂಕಿನ ಹತ್ತಿರ ವಾಸನೆ ಇದ್ದರೆ ಕ್ಲಾಂಪು ಮುಟ್ಟುವ ಮೊದಲು ಗಾಳಿ ಆಡಲು ಬಿಡಬೇಕು, ಒಂದು ಕಿಡಿ ಸಾಕು. ಎಂಜಿನ್ ಓಡುತ್ತಿರುವಾಗ ಮೈನ್ ಸ್ವಿಚ್ ಆಫ್ ಮಾಡಬಾರದು, ಚಾರ್ಜಿಂಗಿನ ಭಾಗ ಸುಟ್ಟು ಹೋಗಬಹುದು. ಇನ್ನು ಹಾಡು, ಬಣ್ಣದ ಲೈಟ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಅದಕ್ಕೆ ಬೇರೆ ಬ್ಯಾಟರಿ ಇಡಲಿ. ಎಂಜಿನ್ ಹತ್ತಿಸುವ ಬ್ಯಾಟರಿಯಿಂದ ಹಾಡು ಕೇಳುವುದು ಬೇಡ. ನೀರು ಹೊರಹಾಕುವ ಪಂಪನ್ನು ಮಾತ್ರ ಮೈನ್ ಸ್ವಿಚ್ಚಿಗೆ ಸಿಗಿಸದೆ, ಅದರದ್ದೇ ಫ್ಯೂಸಿನ ಮೂಲಕ ನೇರ ಬ್ಯಾಟರಿಗೆ ಕೊಡಬೇಕು. ಎಲ್ಲ ಆಫ್ ಮಾಡಿ ಮನೆಗೆ ಹೋದ ರಾತ್ರಿಯೇ ಮಳೆ ಬಂದು ದೋಣಿ ತುಂಬುವುದು.

ಸಮುದ್ರದ ಉಪ್ಪು ನೀರಿನಲ್ಲಿ ತಾಮ್ರ ಬೇಗ ಹಸಿರಾಗುತ್ತದೆ, ನಮ್ಮ ಬಂದರಿನವರಿಗೆ ಅದು ಗೊತ್ತು, ಆಗಾಗ ಉಜ್ಜಿ ಗ್ರೀಸ್ ಹಚ್ಚುತ್ತಾರೆ. ಘಟ್ಟದ ಮೇಲಿನವರಿಗೆ ಸಿಹಿನೀರು ಅಂತ ಸಸಾರ. ಬ್ಯಾಟರಿಯ ಆಸಿಡ್ ಹಬೆಗೆ ಸಿಹಿನೀರು, ಉಪ್ಪುನೀರು ಅಂತ ಭೇದ ಇಲ್ಲ ಅನ್ನುವುದು ಮಾಮನ ಮಾತು.

ಇಷ್ಟೆಲ್ಲ ಹೇಳುವಾಗ ಉಮ್ಮ ಮಧ್ಯೆ ಬಾಯಿ ಹಾಕಿದರು. "ತಾನೂರಿನದ್ದು ನೆನಪಿಲ್ವಾ ನಿಮಗೆ?" ಯಾರೂ ಮಾತಾಡಲಿಲ್ಲ. 2023ರ ಮೇ 7ರ ಭಾನುವಾರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಹೆಚ್ಚಿನವರು ಮಕ್ಕಳು. ಒಂದೇ ಕುಟುಂಬದ ಹನ್ನೊಂದು ಮಂದಿ. ನಾವು ದೋಣಿ ಹತ್ತಿದ್ದೂ ಹನ್ನೊಂದೇ ಮಂದಿ. ಅಲ್ಲಿ ಕೆಟ್ಟದ್ದು ಬ್ಯಾಟರಿ ಅಲ್ಲ. ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ, ಹಿಡಿಸಲಾರದಷ್ಟು ಜನರನ್ನು ಹಾಕಿ, ಕತ್ತಲಾಗುವ ಹೊತ್ತಿಗೆ ಬಿಟ್ಟಿದ್ದರು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದಿಂದ ಮರಳುವಾಗ 16 ಮಂದಿ ಹೋದದ್ದೂ ಹಾಗೆಯೇ, ತುಂಬಿದ ದೋಣಿ. ಕರೆಂಟು ಹೋದ ದೋಣಿ ತನ್ನಷ್ಟಕ್ಕೆ ಮುಳುಗುವುದಿಲ್ಲ. ಆದರೆ ಎಂಜಿನ್ ಇಲ್ಲದ ದೋಣಿ ಅಲೆಗೆ ಅಡ್ಡ ತಿರುಗುತ್ತದೆ, ಪಂಪ್ ನಿಲ್ಲುತ್ತದೆ, ಹೆದರಿದ ಜನ ಒಂದೇ ಬದಿಗೆ ಓಡುತ್ತಾರೆ. ಜನ ಹೆಚ್ಚು ತುಂಬಿದ, ಜಾಕೆಟ್ ಇಲ್ಲದ ದೋಣಿಗೆ ಮತ್ತೆ ಬೇರೆ ಏನೂ ಬೇಕಾಗಿಲ್ಲ. ಒಂಟೆ ಕಟ್ಟಿದ ಮೇಲೆ ತವಕ್ಕುಲ್ ಅನ್ನುವ ಹದೀಸನ್ನು ಮದ್ರಸದ ಮಕ್ಕಳು ಬಾಯಿಪಾಠ ಹೇಳುತ್ತಾರೆ. ನಾವು ಆ ದಿನ ಒಂಟೆ ಕಟ್ಟದೆಯೇ ಹತ್ತಿದ್ದೆವು.

ಪೆರ್ನಾಳ್ ರಜೆಗೆ ದೋಣಿ ಹತ್ತುವವರು ಒಂದು ನಿಮಿಷ ದಡದಲ್ಲೇ ನಿಂತು ಕೇಳಿದರೆ ಯಾರೂ ಬೇಜಾರು ಮಾಡುವುದಿಲ್ಲ, ಮಾಡಿದರೂ ಪರವಾಗಿಲ್ಲ. ತಲೆಗೊಂದು ಜಾಕೆಟ್ ಉಂಟಾ, ಮಕ್ಕಳ ಅಳತೆಯದ್ದು ಉಂಟಾ, ಹುಟ್ಟು, ಲಂಗರು ಉಂಟಾ. ಮತ್ತೆ, ಎಂಜಿನ್ ಒಮ್ಮೆ ನಿಲ್ಲಿಸಿ ಹತ್ತಿಸಿ ತೋರಿಸು ಅಂತ. ನಮ್ಮ ದೋಣಿಯ ಕ್ಲಾಂಪು ಆ ಒಂದು ಪರೀಕ್ಷೆಯಲ್ಲಿ ದಡದಲ್ಲೇ ಸಿಕ್ಕಿಬೀಳುವ ಸಾಧ್ಯತೆ ಇತ್ತು.

ಮಾಮ ಹೊರಡುವಾಗ ಆ ಹುಡುಗನಿಗೆ ತನ್ನ ನಂಬರ್ ಕೊಟ್ಟಿದ್ದರು. ವಾರದ ನಂತರ ಅವನ ಫೋನ್ ಬಂತು. "ಸಾ, ಕ್ಲಾಂಪು ಎರಡೂ ಹೊಸ್ದು ಹಾಕ್ಸಿವ್ನಿ. ಹತ್ತು ನಂಬರ್ ಸ್ಪ್ಯಾನರ್ ತಂದು ಸೀಟ್ ಕೆಳಗೆ ಮಡಗಿವ್ನಿ. ಫೀಸೂ ತಂದಿವ್ನಿ." ಮಾಮ ಕೇಳಿದರು, "ಜಾಕೆಟ್?" ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. "ಅದು ಓನರ್‌ನ ಕೇಳಿವ್ನಿ ಸಾ. ಮುಂದಿನ ತಿಂಗಳು ನೋಡವಾ ಅಂದವ್ರೆ."