ಒಂದೇ ಪೆಟ್ಟಿಗೆಯಲ್ಲಿ ಎರಡು ಸಂಗೀತ

1930ರ ಆಸುಪಾಸಿನಲ್ಲಿ ಬ್ರಿಟನ್ನಿನ ಒಂದು ಸಾಧಾರಣ ಮನೆಯ ಸಂಜೆಯನ್ನು ಕಲ್ಪಿಸಿಕೊಳ್ಳಿ. ಮೂಲೆಯ ಮೇಜಿನ ಮೇಲೆ ಮರದ ಕವಚದ ಒಂದು ರೇಡಿಯೋ. ಎಂಟು ಗಂಟೆಗೆ ಅದರಿಂದ ಲಂಡನ್ನಿನ ಕ್ವೀನ್ಸ್ ಹಾಲ್ ಸಭಾಂಗಣದ ಸಿಂಫನಿ ಕೇಳಿಬರುತ್ತದೆ. ಹತ್ತೂವರೆ ದಾಟಿದ ಮೇಲೆ ಅದೇ ಪೆಟ್ಟಿಗೆಯಿಂದ ದುಬಾರಿ ಹೋಟೆಲೊಂದರ ನೃತ್ಯವೃಂದದ ಹಾಡು. ಇಪ್ಪತ್ತು ವರ್ಷ ಹಿಂದೆ ಇವೆರಡನ್ನೂ ಒಬ್ಬನೇ ಮನುಷ್ಯ ಒಂದೇ ಸಂಜೆ ಕೇಳುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. ಸಿಂಫನಿಗೆ ಟಿಕೆಟ್ಟು ಕೊಂಡು ಸಭಾಂಗಣಕ್ಕೇ ಹೋಗಬೇಕು. ಹೋಟೆಲಿನ ನೃತ್ಯಕ್ಕೆ ಹಣವೂ ಬೇಕು, ಅದಕ್ಕೆ ತಕ್ಕ ಉಡುಪೂ ಬೇಕು. ಗಣಿ ಕಾರ್ಮಿಕನ ಮನೆಗೆ ಎರಡೂ ದೂರವೇ.

ಎರಡು ಮಹಾಯುದ್ಧಗಳ ನಡುವಿನ, ಅಂದರೆ 1918ರಿಂದ 1939ರವರೆಗಿನ ಬ್ರಿಟಿಷ್ ಸಂಗೀತದ ಚರಿತ್ರೆಯನ್ನು ದೊಡ್ಡ ಹೆಸರುಗಳ ಪಟ್ಟಿಯಾಗಿ ಹೇಳುವುದು ವಾಡಿಕೆ. ಆ ಹೆಸರುಗಳು ಇಲ್ಲಿಯೂ ಬರುತ್ತವೆ. ಆದರೆ ಅವುಗಳನ್ನು ಓದುವಾಗ ನೀವು ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ನನ್ನ ಕೋರಿಕೆ. ಒಂದು ನಾಡಿನ ಜನ ಯಾವ ಸಂಗೀತವನ್ನು ಕೇಳಬೇಕು ಎಂಬುದನ್ನು ತೀರ್ಮಾನಿಸುವವರು ಯಾರು? ರೇಡಿಯೋ ಮತ್ತು ಗ್ರಾಮಫೋನು ಮನೆಮನೆಗೆ ಬಂದ ಈ ಕಾಲದಲ್ಲಿಯೇ ಬ್ರಿಟನ್ನಿನಲ್ಲಿ ಈ ಪ್ರಶ್ನೆ ಮೊದಲ ಬಾರಿಗೆ ದೊಡ್ಡದಾಗಿ ಎದ್ದಿತು.

ಮೊದಲು ಯುದ್ಧದ ನೆರಳಿನಿಂದ ಆರಂಭಿಸೋಣ. 1918ರ ಸೆಪ್ಟೆಂಬರ್ 29ರಂದು, ಯುದ್ಧ ಇನ್ನೂ ಮುಗಿಯದಿರುವಾಗ, ಕ್ವೀನ್ಸ್ ಹಾಲ್‌ನಲ್ಲಿ ಆಹ್ವಾನಿತರ ಮುಂದೆ ಗುಸ್ತಾವ್ ಹೋಲ್ಸ್ಟ್ ಅವರ 'ದ ಪ್ಲಾನೆಟ್ಸ್' ಎಂಬ ವೃಂದರಚನೆ ಮೊದಲ ಬಾರಿಗೆ ನುಡಿಯಿತು. ನಿರ್ದೇಶಿಸಿದವರು ತರುಣ ಏಡ್ರಿಯನ್ ಬೋಲ್ಟ್. (ಈ ಹೋಲ್ಸ್ಟ್ ನಮಗೆ ಪೂರಾ ಹೊರಗಿನವರಲ್ಲ. ಋಗ್ವೇದದ ಸೂಕ್ತಗಳಿಗೆ ಸಂಗೀತ ಕೂಡಿಸಬೇಕೆಂದು ಸಂಸ್ಕೃತ ಕಲಿತವರು ಅವರು. ಮಹಾಭಾರತದ ಸಾವಿತ್ರಿಯ ಕಥೆಯನ್ನು ಪುಟ್ಟ ಆಪೆರಾ ಆಗಿಸಿದವರೂ ಹೌದು.) ಯುದ್ಧದಿಂದ ಎಲ್ಲರೂ ಮರಳಲಿಲ್ಲ. ಜಾರ್ಜ್ ಬಟರ್‌ವರ್ತ್ ಎಂಬ ಪ್ರತಿಭಾವಂತ ರಚನಕಾರ 1916ರಲ್ಲಿ, 31ನೆಯ ವಯಸ್ಸಿನಲ್ಲಿ, ಸಾಮ್ ರಣರಂಗದಲ್ಲಿ ಸತ್ತರು. ಕವಿಯೂ ರಚನಕಾರರೂ ಆಗಿದ್ದ ಐವರ್ ಗರ್ನಿ ಗುಂಡಿನ ಗಾಯವನ್ನೂ ವಿಷಾನಿಲವನ್ನೂ ಉಂಡು ಮರಳಿದರು; 1922ರಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆ ಸೇರಿದವರು 1937ರಲ್ಲಿ ಸಾಯುವವರೆಗೂ ಅಂಥ ಆಸ್ಪತ್ರೆಗಳಲ್ಲಿಯೇ ಉಳಿದರು.

ರಾಲ್ಫ್ ವಾನ್ ವಿಲಿಯಮ್ಸ್ 42ನೆಯ ವಯಸ್ಸಿನಲ್ಲಿ ತಾವಾಗಿಯೇ ಸೈನ್ಯ ಸೇರಿ ಫ್ರಾನ್ಸಿನಲ್ಲಿ ಗಾಯಾಳುಗಳ ಗಾಡಿಯೊಂದಿಗೆ ದುಡಿದಿದ್ದರು. ಅವರ 'ಪ್ಯಾಸ್ಟೋರಲ್ ಸಿಂಫನಿ' 1922ರಲ್ಲಿ ಹೊರಬಂದಾಗ ಹಲವರು ಅದನ್ನು ಇಂಗ್ಲಿಷ್ ಹಳ್ಳಿಗಾಡಿನ ಹಸಿರು ಬಯಲಿನ ವರ್ಣನೆ ಎಂದುಕೊಂಡರು. ಅದರ ಎರಡನೆಯ ಭಾಗದಲ್ಲಿ ಒಂಟಿ ಕಹಳೆಯೊಂದು ಕೇಳಿಬರುತ್ತದೆ. ಅದು ಫ್ರಾನ್ಸಿನ ಸೇನಾ ಬೀಡಿನಲ್ಲಿ ಅಭ್ಯಾಸ ಮಾಡುತ್ತಿದ್ದ ಕಹಳೆಗಾರನೊಬ್ಬ, ಮೇಲಿನ ಸ್ವರ ಹಿಡಿಯಲು ಹೋಗಿ ಅದಕ್ಕಿಂತ ತುಸು ಕೆಳಗಿನ ಸ್ವರಕ್ಕೆ ಜಾರುತ್ತಿದ್ದುದರ ನೆನಪು. ಅಲ್ಲಿರುವ ಬಯಲು ಯುದ್ಧದ ಬಯಲು.

ಇನ್ನೊಂದು ಕಡೆ ಜನರಿಗೆ ಕುಣಿಯಬೇಕಾಗಿತ್ತು. ನಾಲ್ಕು ವರ್ಷ ಸಾವನ್ನೇ ಕಂಡ ತಲೆಮಾರಿಗೆ ಇದು ಸಹಜವೇ. 1919ರಲ್ಲಿ ಅಮೆರಿಕದಿಂದ 'ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್' ಎಂಬ ಐವರ ತಂಡ ಲಂಡನ್ನಿಗೆ ಬಂದಿತು. ಅದೇ ಅಕ್ಟೋಬರಿನಲ್ಲಿ ಹ್ಯಾಮರ್‌ಸ್ಮಿತ್ ಪಾಲೇ ಎಂಬ ಭಾರಿ ನೃತ್ಯಶಾಲೆ ತೆರೆದಾಗ ಅಲ್ಲಿ ನುಡಿಸಿದವರು ಇವರೇ. ಬಹುಬೇಗ ಊರೂರಿಗೆ ನೃತ್ಯಶಾಲೆಗಳು ಹುಟ್ಟಿಕೊಂಡವು. ಜಾಕ್ ಹಿಲ್ಟನ್, ಆಂಬ್ರೋಸ್, ಸವಾಯ್ ಹೋಟೆಲಿನ ಆರ್ಫಿಯನ್ಸ್, ಇವೆಲ್ಲ ಆಗ ಮನೆಮಾತಾದ ಹೆಸರುಗಳು.

ಈಗ ಮೈಕಿನ ಮಾತಿಗೆ ಬರೋಣ. ಇಡೀ ಕಥೆಯ ತಿರುಗಣೆ ಇರುವುದು ಇಲ್ಲಿಯೇ.

1925ರವರೆಗೆ ಧ್ವನಿಮುದ್ರಣವೆಂದರೆ ದೊಡ್ಡದೊಂದು ತುತ್ತೂರಿಯ ಬಾಯಿಗೆ ಹಾಡುವುದು. ಗಾಳಿಯ ಅಲೆಗಳ ಬಲದಿಂದಲೇ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ಆದುದರಿಂದ ಜೋರಾದ ಗಂಟಲಿನವರಿಗೆ ಮಾತ್ರ ಅಲ್ಲಿ ಬೆಲೆ. ಪಿಟೀಲುಗಳ ಮೃದು ನಾದ ಮೇಣಕ್ಕೆ ತಲುಪುವ ಮುನ್ನವೇ ಕರಗಿಹೋಗುತ್ತಿತ್ತು. ವಿದ್ಯುತ್ ಧ್ವನಿಮುದ್ರಣದಲ್ಲಿ ಮೈಕು ನಾದವನ್ನು ವಿದ್ಯುತ್ತಾಗಿ ಬದಲಿಸುತ್ತದೆ, ಆ ವಿದ್ಯುತ್ತನ್ನು ಬೇಕಾದಷ್ಟು ಹಿಗ್ಗಿಸಿ ಸೂಜಿಯನ್ನು ನಡೆಸಬಹುದು. ಪರಿಣಾಮವಾಗಿ ಪಿಸುಮಾತೂ ದಾಖಲಾಗತೊಡಗಿತು.

ಇದರ ಲಾಭ ಎರಡೂ ಸಂಗೀತಗಳಿಗೆ ದೊರೆಯಿತು. ಎಡ್ವರ್ಡ್ ಎಲ್ಗರ್ ಅವರ ಚೆಲ್ಲೊ ಕನ್ಸರ್ಟೊ 1919ರ ಅಕ್ಟೋಬರ್ 27ರಂದು ಮೊದಲು ನುಡಿದಾಗ ಮುಗ್ಗರಿಸಿತ್ತು. ಆ ಕಛೇರಿಯ ಉಳಿದ ಕೃತಿಗಳನ್ನು ನಿರ್ದೇಶಿಸಲಿದ್ದವರು ಅಭ್ಯಾಸದ ವೇಳೆಯ ಬಹುಪಾಲನ್ನು ತಾವೇ ಬಳಸಿಕೊಂಡಿದ್ದರು. 1928ರಲ್ಲಿ ಬಿಯಾಟ್ರಿಸ್ ಹ್ಯಾರಿಸನ್ ಚೆಲ್ಲೊ ನುಡಿಸಿ, ಎಲ್ಗರ್ ಅವರೇ ನಿರ್ದೇಶಿಸಿ, ವಿದ್ಯುತ್ ವಿಧಾನದಲ್ಲಿ ಅದನ್ನು ಮುದ್ರಿಸಿದರು. ಅದನ್ನು ಇಂದಿಗೂ ಕೇಳಬಹುದು. ಎಲ್ಗರ್ ಅವರಿಗೆ ಗ್ರಾಮಫೋನಿನ ಮೇಲೆ ಮಗುವಿನಂಥ ಮೋಹ. 1931ರ ನವೆಂಬರಿನಲ್ಲಿ ಲಂಡನ್ನಿನ ಅಬಿ ರೋಡ್ ಧ್ವನಿಮುದ್ರಣಾಲಯವನ್ನು ತೆರೆದಾಗ ಅಲ್ಲಿ ವೃಂದವನ್ನು ನಡೆಸಿದವರು 74 ವರ್ಷದ ಅವರೇ. ಮರುವರ್ಷ ಅದೇ ಕೋಣೆಯಲ್ಲಿ ತಮ್ಮ ಪಿಟೀಲು ಕನ್ಸರ್ಟೊವನ್ನು ಮುದ್ರಿಸಲು ಅವರೊಂದಿಗೆ ನಿಂತ ಹುಡುಗನ ವಯಸ್ಸು 16. ಹೆಸರು ಯೆಹೂದಿ ಮೆನುಹಿನ್.

ಮೈಕು ಹೊಸ ಬಗೆಯ ಗಾಯಕನನ್ನೇ ಹುಟ್ಟಿಸಿತು. ಸಭಾಂಗಣದ ಕೊನೆಯ ಸಾಲಿಗೆ ದನಿ ಎಸೆಯಬೇಕಾದ ಹಂಗಿಲ್ಲದೆ, ಕಿವಿಯ ಬಳಿ ನಿಂತು ಆಡಿದಂತೆ ಹಾಡುವವನು. ಇಂಥವರನ್ನು ಕ್ರೂನರ್ ಎಂದು ಕರೆದರು. ಬ್ರಿಟನ್ನಿನಲ್ಲಿ ಇವರ ಪೈಕಿ ಅಗ್ರಗಣ್ಯನಾದ ಆಲ್ ಬೌಲಿ ಹುಟ್ಟಿದ್ದು ಮೊಜಾಂಬಿಕ್‌ನಲ್ಲಿ, ಬೆಳೆದದ್ದು ಜೋಹಾನ್ಸ್‌ಬರ್ಗ್‌ನಲ್ಲಿ. ಲಂಡನ್ನಿಗೆ ಬರುವ ಮುನ್ನ 1920ರ ದಶಕದಲ್ಲಿ ಕಲ್ಕತ್ತೆಯ ಗ್ರಾಂಡ್ ಹೋಟೆಲಿನ ವೃಂದದಲ್ಲೂ ದುಡಿದಿದ್ದ. ರೇ ನೋಬಲ್ ಎಂಬ ನಿರ್ದೇಶಕನೊಂದಿಗೆ ಆತ ಮುದ್ರಿಸಿದ ತಟ್ಟೆಗಳು ಆ ಕಾಲದ ಅತ್ಯುತ್ತಮ ಜನಪ್ರಿಯ ಸಂಗೀತವೆಂದು ನನ್ನ ಅಭಿಪ್ರಾಯ. ಸೋಜಿಗವೆಂದರೆ, ಇಂಥ ತಟ್ಟೆಗಳ ಮೇಲೆ ಗಾಯಕನ ಹೆಸರನ್ನೇ ಮುದ್ರಿಸದೆ 'ಹಾಡಿನ ಪಲ್ಲವಿ ಉಂಟು' ಎಂದಷ್ಟೇ ತಿಳಿಸುವುದು ಸಾಮಾನ್ಯವಾಗಿತ್ತು. ವೃಂದಕ್ಕೆ ಹೆಸರು, ಹಾಡಿದವನಿಗೆ ಇಲ್ಲ.

ಇನ್ನು ರೇಡಿಯೋ. ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಪ್ರಸಾರ ಆರಂಭಿಸಿದ್ದು 1922ರ ನವೆಂಬರ್ 14ರಂದು. 1927ರಲ್ಲಿ ಅದು ಸಾರ್ವಜನಿಕ ನಿಗಮವಾಯಿತು. ಕೇಳುಗರು ವರ್ಷಕ್ಕೆ ಹತ್ತು ಷಿಲ್ಲಿಂಗ್ ಲೈಸೆನ್ಸ್ ಶುಲ್ಕ ಕೊಡಬೇಕು. 1939ರ ಹೊತ್ತಿಗೆ ಇಂಥ ಲೈಸೆನ್ಸುಗಳ ಸಂಖ್ಯೆ ಸುಮಾರು 90 ಲಕ್ಷ. ಇದರ ಮುಖ್ಯಸ್ಥ ಜಾನ್ ರೀತ್ ಎಂಬ ಕಟ್ಟುನಿಟ್ಟಿನ ಸ್ಕಾಟ್. ಜನರಿಗೆ ಬೇಕಾದುದನ್ನು ಕೊಡುತ್ತ ಹೋದರೆ ಅವರ ಅಭಿರುಚಿ ಬೆಳೆಯುವುದೇ ಇಲ್ಲ, ಅವರು ಬಯಸುವುದಕ್ಕಿಂತ ಸ್ವಲ್ಪ ಮೇಲಿನದನ್ನೇ ಕೊಡಬೇಕು ಎಂಬುದು ರೀತ್ ಅವರ ನಂಬಿಕೆ.

ಈ ನಂಬಿಕೆಯಿಂದ ಆದ ಒಳಿತನ್ನು ಮರೆಯುವಂತಿಲ್ಲ. 1895ರಿಂದ ಹೆನ್ರಿ ವುಡ್ ನಡೆಸುತ್ತ ಬಂದಿದ್ದ ಅಗ್ಗದ ಟಿಕೆಟ್ಟಿನ 'ಪ್ರಾಮ್ಸ್' ಕಛೇರಿಗಳಿಗೆ 1927ರಲ್ಲಿ ಪೋಷಕ ಸಂಸ್ಥೆ ಕೈಬಿಟ್ಟಾಗ ಬಿ.ಬಿ.ಸಿ. ಅವನ್ನು ವಹಿಸಿಕೊಂಡಿತು. 1930ರಲ್ಲಿ ಏಡ್ರಿಯನ್ ಬೋಲ್ಟ್ ಅವರ ನೇತೃತ್ವದಲ್ಲಿ ತನ್ನದೇ ಸಿಂಫನಿ ವೃಂದವನ್ನು ಕಟ್ಟಿ ಕಲಾವಿದರಿಗೆ ಖಾಯಂ ಸಂಬಳ ಕೊಟ್ಟಿತು. ಹೊಸ ಕೃತಿಗಳನ್ನೂ ಬರೆಸಿತು. 1929ರಲ್ಲಿ ವಿಲಿಯಂ ವಾಲ್ಟನ್ ಎಂಬ ಯುವಕನಿಗೆ, ಹದಿನೈದು ವಾದ್ಯಗಳನ್ನು ಮೀರದ ಪುಟ್ಟ ರಚನೆಯೊಂದು ಬೇಕು ಎಂದು ಹೇಳಲಾಯಿತು. ವಾಲ್ಟನ್ ಬರೆಯುತ್ತ ಹೋದಂತೆ ಅದು ಬೆಳೆದು ಬೆಳೆದು ಭಾರಿ ಗಾಯನವೃಂದ, ಭಾರಿ ವಾದ್ಯವೃಂದದ 'ಬೆಲ್‌ಶಾಜರ್ಸ್ ಫೀಸ್ಟ್' ಆಯಿತು; ಕೊನೆಗೆ 1931ರಲ್ಲಿ ಲೀಡ್ಸ್ ನಗರದ ಉತ್ಸವದಲ್ಲಿ ನುಡಿಯಿತು. ಹೇಗಿದ್ದರೂ ನಿನ್ನ ಕೃತಿ ಮತ್ತೊಮ್ಮೆ ಕೇಳಿಬರುವುದಿಲ್ಲ, ಎರಡು ಹಿತ್ತಾಳೆ ವಾದ್ಯದ ತಂಡಗಳನ್ನೂ ಸೇರಿಸಿಬಿಡು ಎಂದು ಉತ್ಸವದ ನಿರ್ದೇಶಕ ಥಾಮಸ್ ಬೀಚಂ ಹಾಸ್ಯ ಮಾಡಿದರಂತೆ. ವಾಲ್ಟನ್ ಸೇರಿಸಿಯೇ ಬಿಟ್ಟರು. ಕೃತಿ ಇಂದಿಗೂ ಜೀವಂತವಾಗಿದೆ.

ಆದರೆ ಭಾನುವಾರದ ವಿಷಯಕ್ಕೆ ಬನ್ನಿ. ವಾರಕ್ಕೊಂದೇ ದಿನ ರಜೆ ಇರುವ ಕಾರ್ಮಿಕನಿಗೆ ಆ ದಿನ ಬಿ.ಬಿ.ಸಿ.ಯಲ್ಲಿ ಸಿಗುತ್ತಿದ್ದುದು ಪ್ರಾರ್ಥನೆ, ಗಂಭೀರ ಭಾಷಣ, ಶಾಸ್ತ್ರೀಯ ಸಂಗೀತ. ನೃತ್ಯಸಂಗೀತಕ್ಕೆ ಆ ದಿನ ಪ್ರವೇಶವಿಲ್ಲ. ಉಳಿದ ದಿನಗಳಲ್ಲಿ ಜಾಕ್ ಪೇನ್, 1932ರಿಂದ ಹೆನ್ರಿ ಹಾಲ್, ಬಿ.ಬಿ.ಸಿ.ಯದೇ ನೃತ್ಯವೃಂದವನ್ನು ನಡೆಸುತ್ತಿದ್ದರು ನಿಜ. ಆದರೂ ಕಣ್ಗಾವಲು ತಪ್ಪಿದ್ದಲ್ಲ. ಪ್ರಕಾಶಕರು ತಮ್ಮ ಹಾಡು ನುಡಿಸಲು ವೃಂದದವರಿಗೆ ಗುಟ್ಟಾಗಿ ಹಣ ಕೊಡುತ್ತಿದ್ದಾರೆಂದು 1929ರಲ್ಲಿ ಹಾಡಿನ ಹೆಸರನ್ನೇ ಹೇಳಬಾರದೆಂದು ಕೆಲಕಾಲ ಕಟ್ಟಪ್ಪಣೆಯಾಯಿತು. ಉತ್ತರ ಇಂಗ್ಲೆಂಡಿನ ಕಾರ್ಮಿಕರ ಕಣ್ಮಣಿಯಾಗಿದ್ದ, ಪುಟ್ಟ ತಂತಿವಾದ್ಯ ಹಿಡಿದು ದ್ವಂದ್ವಾರ್ಥದ ಹಾಡು ಹೇಳುವ ಜಾರ್ಜ್ ಫಾರ್ಮ್‌ಬಿಯ 1937ರ ಹಾಡೊಂದನ್ನು ಬಿ.ಬಿ.ಸಿ. ನಿಷೇಧಿಸಿತು. ಫಾರ್ಮ್‌ಬಿಯ ಜನಪ್ರಿಯತೆ ಅದರಿಂದ ಕಿಂಚಿತ್ತೂ ಕುಗ್ಗಲಿಲ್ಲ.

ಜನ ಏನು ಮಾಡಿದರು? ರೇಡಿಯೋದ ಮುಳ್ಳನ್ನು ತಿರುಗಿಸಿದರು. 1931ರಲ್ಲಿ ಫ್ರಾನ್ಸಿನಿಂದ ರೇಡಿಯೋ ನಾರ್ಮಂಡಿ, 1933ರಲ್ಲಿ ರೇಡಿಯೋ ಲಕ್ಸೆಂಬರ್ಗ್, ಜಾಹೀರಾತಿನ ಹಣದಿಂದ ಇಂಗ್ಲಿಷಿನಲ್ಲಿ ಪ್ರಸಾರ ಆರಂಭಿಸಿದವು. ಭಾನುವಾರ ಬಂತೆಂದರೆ ಲಕ್ಷಾಂತರ ಮನೆಗಳಲ್ಲಿ ಅವೇ ಮೊಳಗುತ್ತಿದ್ದವು. ಈ ಕಥೆ ನಿಮ್ಮ ಮನೆಯ ಹಿರಿಯರಿಗೆ ಎಲ್ಲೋ ಕೇಳಿದಂತಿದೆ ಅನ್ನಿಸಬಹುದು. 1935ರಲ್ಲಿ ಭಾರತದ ಬಾನುಲಿಯ ಮುಖ್ಯಸ್ಥರಾಗಿ ಬಂದ ಲಯೊನೆಲ್ ಫೀಲ್ಡನ್ ಬಿ.ಬಿ.ಸಿ.ಯಿಂದಲೇ ಬಂದವರು. 1952ರ ನಂತರ ಸಚಿವ ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಮರೆಯಾದಾಗ ನಮ್ಮ ಕೇಳುಗರೂ ಮುಳ್ಳನ್ನು ರೇಡಿಯೋ ಸಿಲೋನ್ ಕಡೆಗೆ ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಹುಟ್ಟಿತು.

ಕೇಳುಗರೇ ಹಣ ಕೂಡಿಸಿ ತಮಗೆ ಬೇಕಾದುದನ್ನು ಮುದ್ರಿಸಿಕೊಳ್ಳುವ ದಾರಿಯೂ ಒಂದಿತ್ತು. 1931ರಲ್ಲಿ ಎಚ್.ಎಂ.ವಿ.ಯ ವಾಲ್ಟರ್ ಲೆಗ್, ಸಾಕಷ್ಟು ಚಂದಾದಾರರು ಮುಂಗಡ ಕೊಟ್ಟರೆ ಮಾತ್ರ ಅಪರೂಪದ ಸಂಗೀತವನ್ನು ಮುದ್ರಿಸುವ 'ಸೊಸೈಟಿ' ಪದ್ಧತಿ ಆರಂಭಿಸಿದರು. ಇದರ ಕೊಂಡಿ ಮೈಸೂರಿನವರೆಗೆ ಬಂದಿದೆ. 1935ರಲ್ಲಿ ಲಂಡನ್ನಿನಲ್ಲಿ ನೆಲೆಸಿದ ರಷ್ಯನ್ ರಚನಕಾರ ನಿಕೊಲಾಯ್ ಮೆಡ್ಟ್‌ನರ್ ಅವರ ಕೃತಿಗಳನ್ನು, ಯುದ್ಧ ಮುಗಿದ ಮೇಲೆ ಇಂಥದೇ ಸೊಸೈಟಿಯ ಮೂಲಕ ಮುದ್ರಿಸಲು ಹಣ ಕೊಟ್ಟವರು ಜಯಚಾಮರಾಜೇಂದ್ರ ಒಡೆಯರು. ಮೆಡ್ಟ್‌ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಒಡೆಯರಿಗೆ ಅರ್ಪಿಸಿದ್ದಾರೆ.

ಇಷ್ಟೆಲ್ಲ ಸಂಗೀತ ಹರಿದುಬಂದುದು ಎಲ್ಲರಿಗೂ ಸಂತೋಷ ತರಲಿಲ್ಲ. ಕಾನ್‌ಸ್ಟಂಟ್ ಲ್ಯಾಂಬರ್ಟ್ ಎಂಬ ರಚನಕಾರ ಎರಡು ಸಂಗೀತಗಳ ನಡುವೆ ನಿಂತ ಮನುಷ್ಯ. 1928ರಲ್ಲಿ ಬಿ.ಬಿ.ಸಿ. ಪ್ರಸಾರ ಮಾಡಿದ ಅವರ 'ದ ರಿಯೊ ಗ್ರಾಂಡೆ' ಕೃತಿಯಲ್ಲಿ ಜಾಸ್ ಲಯವೂ ಗಾಯನವೃಂದವೂ ಜತೆಗೂಡಿವೆ. 1934ರ ತಮ್ಮ 'ಮ್ಯೂಸಿಕ್ ಹೋ' ಪುಸ್ತಕದಲ್ಲಿ ಅವರು ಕರಿಯ ಅಮೆರಿಕನ್ ಕಲಾವಿದ ಡ್ಯೂಕ್ ಎಲಿಂಗ್ಟನ್‌ರನ್ನು ನಿಜವಾದ ರಚನಕಾರರೆಂದು ಹೊಗಳಿದರು. ಅದೇ ಪುಸ್ತಕದಲ್ಲಿ, ಎಲ್ಲಿ ಹೋದರೂ ಸಂಗೀತ ಕಿವಿಗೆ ಬೀಳುವಂತಾದುದೇ ಸಂಗೀತಕ್ಕೆ ಕೇಡು ಎಂದು ಸಿಡಿಮಿಡಿಗೊಂಡರು. ಇಂದಿನ ನಮ್ಮ ಬಸ್ಸು, ಮದುವೆಮನೆ, ಮೊಬೈಲುಗಳನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ವಾದ್ಯ ನುಡಿಸಿ ಹೊಟ್ಟೆ ಹೊರೆಯುವವರ ಪಾಡು ಬೇರೆಯೇ. ಮೂಕಿ ಚಿತ್ರಗಳ ಕಾಲದಲ್ಲಿ ಪ್ರತಿ ಚಿತ್ರಮಂದಿರದಲ್ಲೂ ಪಿಯಾನೊ ನುಡಿಸುವವರು, ದೊಡ್ಡ ಮಂದಿರಗಳಲ್ಲಿ ಇಡೀ ವೃಂದಗಳು ಇದ್ದವು. 1928ರಲ್ಲಿ ಲಂಡನ್ನಿಗೆ ವಾಕ್ಚಿತ್ರ ಬಂದ ನಂತರದ ಕೆಲವೇ ವರ್ಷಗಳಲ್ಲಿ ಸಾವಿರಾರು ಮಂದಿ ಬೀದಿಗೆ ಬಿದ್ದರು. ಅದೇ ಸಮಯಕ್ಕೆ ಜಗತ್ತಿನ ಆರ್ಥಿಕ ಮುಗ್ಗಟ್ಟು. ಹೊರಗಿನವರು ಬಂದು ಅನ್ನ ಕಸಿಯುತ್ತಾರೆಂಬ ಭಯದಿಂದ ವಾದಕರ ಸಂಘ ಒತ್ತಾಯಿಸಿತು. 1935ರಿಂದ ಅಮೆರಿಕನ್ ವೃಂದಗಳಿಗೆ ಸರ್ಕಾರ ಪರವಾನಗಿ ನಿಲ್ಲಿಸಿತು. 1932ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್, 1933ರಲ್ಲಿ ಎಲಿಂಗ್ಟನ್ ಬಂದು ತೆರೆದಿದ್ದ ಬಾಗಿಲು ಹೀಗೆ ಮುಚ್ಚಿ, 1950ರ ದಶಕದವರೆಗೂ ಮುಚ್ಚಿಯೇ ಇತ್ತು. ಅಭಿರುಚಿಯ ಹೆಸರಿನಲ್ಲಿ ಅಲ್ಲ, ಹೊಟ್ಟೆಪಾಡಿನ ಹೆಸರಿನಲ್ಲಿ ಆದ ತಡೆ ಇದು. ಆ ವಾದಕರನ್ನು ಸುಲಭವಾಗಿ ದೂರುವಂತಿಲ್ಲ.

ಆ ಬಾಗಿಲು ಮುಚ್ಚಿದ್ದ ವರ್ಷಗಳಲ್ಲಿ ಬ್ರಿಟಿಷ್ ಗಯಾನಾದಲ್ಲಿ ಹುಟ್ಟಿದ ಕೆನ್ ಜಾನ್ಸನ್ ಎಂಬ ತರುಣ ಲಂಡನ್ನಿನಲ್ಲಿ ಕೆರಿಬಿಯನ್ ಮೂಲದ ಕರಿಯ ಕಲಾವಿದರ ವೃಂದವೊಂದನ್ನು ಕಟ್ಟಿ ಹೆಸರಾದ. 1941ರ ಮಾರ್ಚ್ 8ರಂದು ಆತ ನುಡಿಸುತ್ತಿದ್ದ ಕೆಫೆ ದ ಪ್ಯಾರಿಸ್ ಮೇಲೆ ಜರ್ಮನರ ಬಾಂಬು ಬಿದ್ದು ಸತ್ತ, ವಯಸ್ಸು 26. ಏಪ್ರಿಲ್ 17ರಂದು ಆಲ್ ಬೌಲಿ ತನ್ನ ಮನೆಯಲ್ಲಿಯೇ ಬಾಂಬಿಗೆ ಬಲಿಯಾದ. ಮೇ 10ರ ರಾತ್ರಿ ಕ್ವೀನ್ಸ್ ಹಾಲ್ ಸುಟ್ಟು ಬೂದಿಯಾಯಿತು. ಆ ವರ್ಷದ ಪ್ರಾಮ್ಸ್ ಕಛೇರಿಗಳನ್ನು 72 ವರ್ಷದ ಹೆನ್ರಿ ವುಡ್ ರಾಯಲ್ ಆಲ್ಬರ್ಟ್ ಹಾಲ್‌ಗೆ ಕೊಂಡೊಯ್ದರು. ಅವು ಇಂದಿಗೂ ಅಲ್ಲಿಯೇ ನಡೆಯುತ್ತಿವೆ.